ಇಲ್ಲ ಎನ್ನುವುದಾದರೆ ಬರೆದುಕೊಡಿ

ಸೇವಾ ವ್ಯಾಪ್ತಿಯಂತೆ! ತಮ್ಮನ ಓದಿಗೆ ಸಾಲ ಕೇಳಲು ಅಪ್ಪನ ಜೊತೆ ಇಂದು ಬ್ಯಾಂಕಿಗೆ ಹೋಗಿದ್ದೆವು. ಕೊನೆಗೆ ಅಲ್ಲಿನ ಅಧಿಕಾರಿಯ ಬಾಯಿಂದ ಬಂದದ್ದು ಆ ಒಂದೇ ಮಾತು: ಆ ಶಾಖೆ ನೋಡಿಕೊಳ್ಳುವ ಊರುಗಳಲ್ಲಿ ನಮ್ಮ ಊರು ಇಲ್ಲವಂತೆ. ನಮ್ಮ ವಿಳಾಸ ಅರ್ಜಿಯ ಮೊದಲ ಪುಟದಲ್ಲೇ ಇತ್ತು. ಅದನ್ನು ಓದಲು ಅರ್ಧ ನಿಮಿಷ ಸಾಕಿತ್ತು. ಓದಿ, ಆಗಲೇ ಇಲ್ಲ ಎಂದಿದ್ದರೆ ನಾವು ಎದ್ದು ಬರುತ್ತಿದ್ದೆವು. ಅಪ್ಪನ ಕೈಯಲ್ಲಿ ಅಷ್ಟು ಸಹಿ ಏಕೆ ಹಾಕಿಸಬೇಕಿತ್ತು?

ಮಧ್ಯಾಹ್ನದಿಂದ ಹೊಟ್ಟೆ ಉರಿಯುತ್ತಿದೆ. ತಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ. ಅಪ್ಪ ಏನೂ ನಡೆದೇ ಇಲ್ಲವೆಂಬಂತೆ ಹಾಲು ಕರೆದು ಡೇರಿಗೆ ಹಾಕಿ ಬಂದರು. ನನಗೆ ಮಾತ್ರ ಬಿಟ್ಟುಬಿಡಲು ಆಗುತ್ತಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೊನೆಯವರೆಗೂ ಓದಿ, ಉತ್ತರ ಕೊಡಿ.

ನಾವು ಕೇಳಿದ್ದು ಶಿಕ್ಷಣ ಸಾಲ. ತಮ್ಮನಿಗೆ ಸಿಇಟಿಯಲ್ಲಿ ಸಿಕ್ಕಿದ ಸೀಟು, ಆಡಳಿತ ಮಂಡಳಿ ಕೋಟಾದ್ದಲ್ಲ. ಎಲ್ಲ ವರ್ಷಗಳ ಶುಲ್ಕ, ಹಾಸ್ಟೆಲ್, ಪುಸ್ತಕ ಸೇರಿಸಿದರೂ ನಾಲ್ಕು ಲಕ್ಷ ದಾಟದಂತೆ ಲೆಕ್ಕ ಹಾಕಿಯೇ ಅರ್ಜಿ ತುಂಬಿದ್ದೆ. ಬೇಕೆಂದೇ ಹಾಗೆ ಮಾಡಿದ್ದೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು, ಮನೆ, ಚಿನ್ನ ಯಾವುದನ್ನೂ ಅಡಮಾನ ಕೇಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದೊಳಗೆ ನಮ್ಮ ಕೈಯಿಂದ ಪಾಲು ಹಣವನ್ನೂ ಹಾಕಬೇಕಾಗಿಲ್ಲ. ಅಪ್ಪ ಅಥವಾ ಅಮ್ಮ ಸಹ ಸಾಲಗಾರರಾಗಿ ಸಹಿ ಹಾಕಿದರೆ ಮುಗಿಯಿತು. ಏಳೂವರೆ ಲಕ್ಷದವರೆಗೆ ಸರ್ಕಾರದ ಸಾಲ ಖಾತರಿ ನಿಧಿಯೇ ಇದೆ. ಹುಡುಗ ಸಾಲ ತೀರಿಸದೆ ಹೋದರೂ ಬಾಕಿಯ ಮುಕ್ಕಾಲು ಪಾಲನ್ನು ಆ ನಿಧಿ ಬ್ಯಾಂಕಿಗೆ ತುಂಬಿಕೊಡುತ್ತದೆ. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಆದಾಯವಿರುವ ಮನೆಯ ಮಕ್ಕಳು ಇಂಥ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದು ಮುಗಿಯುವವರೆಗೆ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ 2009ರಿಂದಲೂ ಇದೆ. ಇದೆಲ್ಲವನ್ನೂ ಓದಿ, ಮುದ್ರಿಸಿಕೊಂಡು, ಗುರುತು ಹಾಕಿಕೊಂಡು ಹೋಗಿದ್ದೆ. ಹಾಗಿದ್ದರೂ ಮೊದಲು ಕೇಳಿದ್ದು ಪಹಣಿ. ಆಮೇಲೆ, ಯಾವುದಾದರೂ ಠೇವಣಿ ಇದೆಯೇ ಎಂದು. ಕೇಳುವಂತಿಲ್ಲವಲ್ಲ ಸಾರ್ ಎಂದು ನಾನು ಹಾಳೆ ಮುಂದಿಟ್ಟೆ. ಅವರು ಆ ಹಾಳೆಯ ಮೇಲೆ ತಮ್ಮ ಚಹಾದ ಲೋಟ ಇಟ್ಟರು.

ಹೋಗಲಿ, ಅದನ್ನೂ ಸಹಿಸಿಕೊಂಡೆ.

ಆಮೇಲೆ ಸಹಿಯ ವಿಚಾರ ಬಂತು. ಇದನ್ನು ಹೇಗೆ ಬರೆಯಲಿ? ಅಪ್ಪ ಶಾಲೆಗೆ ಹೋದವರಲ್ಲ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಊರ ದೇವಸ್ಥಾನದ ಜಗಲಿಯ ಮೇಲೆ ರಾತ್ರಿ ತರಗತಿ ನಡೆಯುತ್ತಿತ್ತಂತೆ, ಅಲ್ಲಿ ಹೆಸರು ಬರೆಯುವುದನ್ನು ಕಲಿತರು. ಅಂದಿನಿಂದ ಎಲ್ಲಿಯೂ ಹೆಬ್ಬೆಟ್ಟು ಒತ್ತಿಲ್ಲ. ಗ್ರಾಮಸಭೆಯಲ್ಲಿ, ಡೇರಿಯಲ್ಲಿ, ನನ್ನ ಶಾಲೆಯ ಅಂಕಪಟ್ಟಿಯ ಮೇಲೆ, ಎಲ್ಲ ಕಡೆ ಸಹಿಯೇ. ಅವರ ಹೆಸರು ‘ಪ್ಪ’ ಎಂದು ಮುಗಿಯುತ್ತದೆ. ಆ ಒತ್ತಕ್ಷರವನ್ನು ಒಮ್ಮೆ ಉದ್ದಕ್ಕೆ ಕೆಳಗೆ ಇಳಿಸುತ್ತಾರೆ, ಇನ್ನೊಮ್ಮೆ ಬಲಕ್ಕೆ ಎಳೆದುಬಿಡುತ್ತಾರೆ. ಖಾತೆ ತೆರೆದಾಗ ಹಾಕಿದ ಸಹಿಯಲ್ಲಿ ಅದು ಕೆಳಗಿದೆ. ಇಂದು ಅರ್ಜಿಯ ಮೇಲೆ ಬಲಕ್ಕೆ ಬಂತು. ಅಷ್ಟೇ ವ್ಯತ್ಯಾಸ.

ಆ ಅಧಿಕಾರಿ ಕಂಪ್ಯೂಟರ್ ಪರದೆ ನೋಡಿ ತಲೆಯಾಡಿಸಿದರು. ಹೊಂದುವುದಿಲ್ಲ ಎಂದರು. ಹಳೆಯ ಚಲನ್ ಒಂದನ್ನು ತಿರುಗಿಸಿ, ಇದರ ಹಿಂದೆ ಹಾಕಿ ತೋರಿಸಿ ಎಂದರು. ಅಪ್ಪ ಹಾಕಿದರು. ಇನ್ನೊಮ್ಮೆ ಎಂದರು. ಹಾಕಿದರು. ಅಲ್ಲಿನ ಪೆನ್ನಿಗೆ ದಾರ ಕಟ್ಟಿರುತ್ತದಲ್ಲ, ಆ ದಾರ ಗಿಡ್ಡ. ಕುರ್ಚಿಯಲ್ಲಿ ಕೂತರೆ ಪೆನ್ನು ಕೈಗೆ ಬರುವುದಿಲ್ಲ. ಅಪ್ಪ ಎದ್ದು, ಸೊಂಟ ಬಗ್ಗಿಸಿ, ಎಡಗೈಯಲ್ಲಿ ಚಲನ್ ಒತ್ತಿ ಹಿಡಿದು ಬರೆಯಬೇಕಾಯಿತು. ಮತ್ತೆ ಇನ್ನೊಮ್ಮೆ ಎಂದರು. ಹೆದರಿದ ಕೈಯಿಂದ ಯಾರಿಗಾದರೂ ನೆಟ್ಟಗೆ ಸಹಿ ಬರುತ್ತದೆಯೇ? ಪ್ರತಿ ಸಲವೂ ಹಿಂದಿನದಕ್ಕಿಂತ ಕೆಟ್ಟದಾಗಿ ಬಂತು. ಚಲನ್‌ನಲ್ಲಿ ಜಾಗ ಮುಗಿದಾಗ ಇನ್ನೊಂದು ಚಲನ್ ಕೊಟ್ಟರು. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು, ಅದರಲ್ಲಿ ನಮ್ಮ ಊರಿನವರೂ ಇದ್ದರು. ಯಾರೋ ‘ಬೇಗ ಮುಗಿಸಿ’ ಎಂದರು. ಆಗ ಆ ಅಧಿಕಾರಿ ಪಕ್ಕದ ಮೇಜಿನವರತ್ತ ತಿರುಗಿ, ನಮಗೆಲ್ಲ ಕೇಳುವಂತೆಯೇ ಹೇಳಿದರು: “ಮಗ ಇಂಜಿನಿಯರ್ ಆಗುತ್ತಾನಂತೆ, ಅಪ್ಪನಿಗೆ ಸಹಿ ಬರುವುದಿಲ್ಲ.”

ಪಕ್ಕದವರು ನಕ್ಕರು. ತಮ್ಮ ಅಲ್ಲೇ ನಿಂತಿದ್ದ.

ಅಪ್ಪ ಪೆನ್ನು ಕೆಳಗಿಟ್ಟು, “ಸಾರ್, ಹೆಬ್ಬೆಟ್ಟು ಒತ್ತಲೇ?” ಎಂದು ಕೇಳಿದರು.

ಅಪ್ಪ ಹಾಗೆ ಕೇಳಿದರು. ನನ್ನ ಅಪ್ಪ. ಆ ಮಾತನ್ನು ನಾನು ಜೀವನದಲ್ಲಿ ಮೊದಲ ಸಲ ಅವರ ಬಾಯಿಂದ ಕೇಳಿದ್ದು. ಅಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಆ ಮೇಜಿನ ಮೇಲೆ ತಾವಾಗಿಯೇ ಬಿಟ್ಟುಕೊಟ್ಟರು, ಮಗನ ಕೆಲಸ ಕೆಡಬಾರದು ಎಂದು. ಆ ಮನುಷ್ಯ ಬೇಡ ಎಂದೂ ಹೇಳಲಿಲ್ಲ, ಸರಿ ಎಂದೂ ಹೇಳಲಿಲ್ಲ. ಅರ್ಜಿಯನ್ನು ಕೈಗೆತ್ತಿಕೊಂಡು, ಅದೇ ಮೊದಲು ನೋಡುತ್ತಿರುವಂತೆ ವಿಳಾಸ ನೋಡಿ, “ನಿಮ್ಮ ಊರು ನಮ್ಮ ಶಾಖೆಯ ಸೇವಾ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮ ಕಡೆಯ ಶಾಖೆಗೆ ಹೋಗಿ” ಎಂದರು.

ಖಾತೆ ಅಲ್ಲೇ ಇದೆ! ಹಾಲಿನ ಹಣ ಬಂದು ಬೀಳುವುದು ಅದೇ ಶಾಖೆಗೆ. ನಮ್ಮ ಹಣ ಇಟ್ಟುಕೊಳ್ಳಲು ನಮ್ಮ ಊರು ದೂರವಾಗುವುದಿಲ್ಲ, ಸಾಲ ಕೇಳಿದರೆ ದೂರವಾಗುತ್ತದೆ. ವಿದ್ಯಾರ್ಥಿಯ ಮನೆ ಸೇವಾ ವ್ಯಾಪ್ತಿಯಲ್ಲಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2012ರ ನವೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ನಾನು ಅದನ್ನೂ ಹೇಳಿದೆ. ಅವರು ತಲೆ ಎತ್ತಲಿಲ್ಲ. ಹಾಗಾದರೆ ಅದನ್ನೇ ಒಂದು ಹಾಳೆಯಲ್ಲಿ ಬರೆದುಕೊಡಿ, ಈ ಕಾರಣಕ್ಕೆ ಸಾಲ ಕೊಡುವುದಿಲ್ಲ ಎಂದು ಬರೆದು ಮೊಹರು ಹಾಕಿ ಕೊಡಿ ಎಂದೆ. ಆಗ ತಲೆ ಎತ್ತಿದರು. “ಅದೆಲ್ಲ ಬರೆದುಕೊಡುವುದಿಲ್ಲಮ್ಮ. ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.”

ನೋಡಿದೆ. ಈಗಲೂ ಅದನ್ನೇ ತೆರೆದಿಟ್ಟುಕೊಂಡು ಕೂತಿದ್ದೇನೆ. ಪೋರ್ಟಲ್‌ನಲ್ಲಿ ನಮ್ಮ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ. ಬ್ಯಾಂಕಿನ ಲೆಕ್ಕದಲ್ಲಿ ನಮ್ಮನ್ನು ಯಾರೂ ತಿರಸ್ಕರಿಸಿಯೇ ಇಲ್ಲ. ತಿರಸ್ಕರಿಸುವುದಾದರೆ ಮೇಲಧಿಕಾರಿಯ ಒಪ್ಪಿಗೆ ಬೇಕು, ವಿದ್ಯಾರ್ಥಿಗೆ ಕಾರಣ ತಿಳಿಸಬೇಕು, ಹದಿನೈದು ದಿನದಿಂದ ಒಂದು ತಿಂಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು. ಇವೆಲ್ಲ ಬ್ಯಾಂಕುಗಳು ತಾವೇ ಒಪ್ಪಿಕೊಂಡ ನಿಯಮಗಳು. ಆದರೆ ಬಾಯಿಮಾತಿನಲ್ಲಿ ಇಲ್ಲ ಎಂದುಬಿಟ್ಟರೆ ಈ ಒಂದು ನಿಯಮವೂ ಅವರಿಗೆ ತಾಗುವುದಿಲ್ಲ. ಬಡವರು ಎದ್ದು ಹೋಗುತ್ತಾರೆ, ಕಡತ ಅಲ್ಲೇ ಮಲಗಿರುತ್ತದೆ. ಎಷ್ಟು ಅರ್ಜಿ ಬಂತು, ಎಷ್ಟು ತಿರಸ್ಕೃತವಾಯಿತು ಎಂದು ನಾಳೆ ಯಾರಾದರೂ ಲೆಕ್ಕ ಕೇಳಿದರೆ ನಮ್ಮ ಹೆಸರು ಅದರಲ್ಲಿ ಇರುವುದೇ ಇಲ್ಲ.

ವಿದ್ಯಾರ್ಥಿವೇತನಕ್ಕೆ ಹಾಕಬಹುದಿತ್ತಲ್ಲ ಎಂದು ಈಗಾಗಲೇ ಒಬ್ಬರು ಫೋನಿನಲ್ಲಿ ಬುದ್ಧಿ ಹೇಳಿದರು. ಹಾಕುತ್ತೇವೆ. ಖಂಡಿತ ಹಾಕುತ್ತೇವೆ. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್ ನನಗೆ ಹೊಸದಲ್ಲ, ಪದವಿ ಓದುವಾಗ ಅದರ ಜೊತೆ ಸಾಕಷ್ಟು ಗುದ್ದಾಡಿದ್ದೇನೆ. ಮೊದಲು ಕಾಲೇಜಿನಲ್ಲಿ ದಾಖಲಾಗಬೇಕು, ದಾಖಲಾಗಲು ಶುಲ್ಕ ಕಟ್ಟಬೇಕು, ಆಮೇಲೆ ಅರ್ಜಿ, ಆಮೇಲೆ ಎಂದೋ ಒಂದು ದಿನ ಹಣ. ಶುಲ್ಕ ಕಟ್ಟಲು ಹಣವಿಲ್ಲದವರಿಗೆ ಇದರಿಂದ ಇಂದು ಏನು ಉಪಯೋಗ? ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಹೆಸರು ಹೊಂದುವುದಿಲ್ಲ ಎನ್ನುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಮ್ಮನ ಹೆಸರಿಗೆ ಒಂದು ಇನಿಷಿಯಲ್ ಇದೆ, ಆಧಾರ್‌ನಲ್ಲಿ ಆ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು. ಅದನ್ನು ಸರಿಪಡಿಸಲು ನಾಡಕಚೇರಿಯಲ್ಲಿ ಒಂದು ದಿನದ ಕೂಲಿ ಹೋಗುತ್ತದೆ, ಆಧಾರ್ ಕೇಂದ್ರದಲ್ಲಿ ಇನ್ನೊಂದು ದಿನದ್ದು. ದಾಖಲೆಗಳ ಇ-ದೃಢೀಕರಣಕ್ಕೆ ಮತ್ತೊಂದು ಸಾಲು. ಇಷ್ಟೆಲ್ಲ ಆಗಿ ಮಂಜೂರಾದರೂ ಹಣ ನಾವು ಬರೆದುಕೊಟ್ಟ ಖಾತೆಗೆ ಬರುವುದಿಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ನನ್ನ ಹಣ ಹಾಗೆಯೇ, ಯಾವುದೋ ಶಿಬಿರದಲ್ಲಿ ಯಾರೋ ತೆರೆಸಿದ್ದ, ನಾನು ಮರೆತೇಬಿಟ್ಟಿದ್ದ ಖಾತೆಯಲ್ಲಿ ಹೋಗಿ ಕೂತಿತ್ತು. ಬಂದೇ ಇಲ್ಲ ಎಂದುಕೊಂಡು ಆ ವರ್ಷವಿಡೀ ಸಾಲದಲ್ಲಿ ಓದಿದೆ. ಹಾಗಾಗಿ ಬುದ್ಧಿ ಹೇಳುವವರು ದಯವಿಟ್ಟು ಬೇರೆ ಏನಾದರೂ ಹೇಳಿ.

ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನೇ ಬೇಡ, ಮನೆಯ ಆದಾಯ ಎಂಟು ಲಕ್ಷದೊಳಗಿದ್ದರೆ ಬಡ್ಡಿಯಲ್ಲಿ ಶೇ. 3ರಷ್ಟು ರಿಯಾಯಿತಿಯೂ ಸಿಗುತ್ತದೆ ಎಂದು ಇನ್ನೊಬ್ಬರು ಹೇಳಿದರು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟ ದಿನವೇ ನಾನು ಸುದ್ದಿ ಓದಿದ್ದೆ. ಆದರೆ ಅದು ಶ್ರೇಯಾಂಕ ಪಡೆದ ಸಂಸ್ಥೆಗಳಿಗೆ ಮಾತ್ರ, ಆರಂಭದಲ್ಲಿ ದೇಶಕ್ಕೆಲ್ಲ ಸೇರಿ 860 ಸಂಸ್ಥೆಗಳು. ತಮ್ಮನಿಗೆ ಸಿಕ್ಕಿದ ಕಾಲೇಜು ಆ ಪಟ್ಟಿಯಲ್ಲಿಲ್ಲ. ಒಳ್ಳೆಯ ಕೋಚಿಂಗ್‌ಗೆ ಹಣವಿದ್ದವರಿಗೆ ಅಂಥ ಕಾಲೇಜು, ಅಂಥ ಕಾಲೇಜು ಸಿಕ್ಕವರಿಗೆ ಸುಲಭದ ಸಾಲ.

ನಿಜ ಹೇಳಬೇಕೆಂದರೆ ನನಗೂ ಸಾಕಾಗಿದೆ. ಬ್ಯಾಂಕಿನವರ ಮೇಲೆ ಕೂಗಾಡಿ ಏನು ಬರುತ್ತದೆ? ಅಲ್ಲಿಯೂ ಸಿಬ್ಬಂದಿ ಕಡಿಮೆ, ವಸೂಲಿಯ ಒತ್ತಡ ಇದೆ, ಶಿಕ್ಷಣ ಸಾಲ ಕೊಟ್ಟವರಿಗೆ ಅದು ಮುಳುಗಿದಾಗ ವಿವರಣೆ ಕೇಳುತ್ತಾರೆ. ಇರಲಿ. ಈ ವರ್ಷದ ಶುಲ್ಕ ಹೇಗೋ ಕಟ್ಟಿ ಆಗಿದೆ. ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ, ಬಡ್ಡಿ ಎಷ್ಟು ಎಂದೂ ಬರೆಯುವುದಿಲ್ಲ. ಪರೀಕ್ಷಾ ಪ್ರಾಧಿಕಾರ ಕೊಟ್ಟ ಗಡುವು ಯಾರಿಗೂ ಕಾಯುವುದಿಲ್ಲ. ಆ ದಿನದೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತದೆ, ಹಾಗಾಗಿ ಕಟ್ಟಿದೆವು. ಮುಂದಿನ ವರ್ಷದ್ದು ಮುಂದೆ ನೋಡಿಕೊಳ್ಳೋಣ ಎಂದು ಅಮ್ಮ ಹೇಳಿದರು. ನಾನೂ ಹೂಂ ಎಂದೆ.

ಇಲ್ಲ, ಹೂಂ ಎನ್ನಲು ಆಗುವುದಿಲ್ಲ. ಸಾಲ ಕೊಡದಿದ್ದರೆ ಬೇಡ, ಅದು ಬೇರೆ. ಕೊಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದವರು ಒಬ್ಬ ಮನುಷ್ಯನನ್ನು ಬಗ್ಗಿಸಿ ನಿಲ್ಲಿಸಿ ಅಷ್ಟು ಸಹಿ ಹಾಕಿಸಿದ್ದೇಕೆ? ಇದಕ್ಕೆ ಯಾವ ಸಿಬ್ಬಂದಿ ಕೊರತೆ ಕಾರಣ? ಸಹಿಯಲ್ಲಿ ಅನುಮಾನವಿದ್ದರೆ ಹೊಸ ಮಾದರಿ ಸಹಿ ತೆಗೆದುಕೊಳ್ಳಬಹುದಿತ್ತು. ಆಧಾರ್ ಇತ್ತು, ಪಾಸ್‌ಬುಕ್ಕಿನ ಮೇಲೆ ಫೋಟೊ ಇತ್ತು, ಮನುಷ್ಯ ಎದುರಿಗೇ ಇದ್ದರು. 2023ರಲ್ಲಿ ಕೇರಳದ ಹೈಕೋರ್ಟ್, ಕ್ರೆಡಿಟ್ ಸ್ಕೋರ್ ಕಡಿಮೆ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು ಹೇಳಿತು. ಆ ಹುಡುಗ ನ್ಯಾಯಾಲಯಕ್ಕೆ ಹೋಗಲು ಆದದ್ದು ಅವನಿಗೆ ಇಲ್ಲ ಎಂದವರು ಕಾರಣ ಹೇಳಿದ್ದರಿಂದ. ನಮ್ಮ ಕೈಯಲ್ಲಿ ಏನಿದೆ? ಅಪ್ಪನ ಸಹಿಗಳು ತುಂಬಿದ ಎರಡು ಚಲನ್. ಅವನ್ನು ನಾನು ಎತ್ತಿಕೊಂಡು ಬಂದಿದ್ದೇನೆ, ಕಸದ ಬುಟ್ಟಿಗೆ ಹಾಕಲು ಬಿಡಲಿಲ್ಲ.

ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದೆಂದು ಗೊತ್ತು. 2021ರಿಂದ ಎಲ್ಲಕ್ಕೂ ಸೇರಿ ಒಂದೇ ವ್ಯವಸ್ಥೆ ಇದೆ, 14448ಕ್ಕೆ ಕರೆ ಮಾಡಿ ವಿಚಾರಿಸಬಹುದು. ಆದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ಮೂವತ್ತು ದಿನ ಕಾಯಬೇಕು, ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಆಮೇಲೆ ಅಲ್ಲಿಗೆ. ಬ್ಯಾಂಕಿಗೆ ಕೊಡುವ ದೂರನ್ನು ಬರೆದು ಮುಗಿಸಿದ್ದೇನೆ. ಸಾಲದ ಬಗ್ಗೆ ಅದರಲ್ಲಿ ಒಂದೇ ಸಾಲು: ತಿರಸ್ಕರಿಸಿದ್ದೀರಾದರೆ ಕಾರಣವನ್ನು ಬರೆದುಕೊಡಿ, ಇಲ್ಲವಾದರೆ ಅರ್ಜಿಯ ಮೇಲೆ ಕ್ರಮ ಕೈಗೊಳ್ಳಿ. ಉಳಿದದ್ದೆಲ್ಲ ಅಪ್ಪನ ಬಗ್ಗೆ. ಅದು ದೂರಿನಲ್ಲಿ ಇರಬೇಕೋ ಬೇಡವೋ ನನಗೆ ಬೇಕಿಲ್ಲ, ಇರುತ್ತದೆ.

ತಿಳಿದವರು ಎರಡು ವಿಷಯ ಹೇಳಿ. ಶಿಕ್ಷಣ ಸಾಲ ಕೊಡುವುದಿಲ್ಲ ಎಂದು ಬ್ಯಾಂಕಿನಿಂದ ಕಾಗದದ ಮೇಲೆ ಬರೆಸಿಕೊಂಡವರು ನಿಮ್ಮಲ್ಲಿ ಒಬ್ಬರಾದರೂ ಇದ್ದೀರಾ? ಇದ್ದರೆ ಯಾರನ್ನು ಕೇಳಿದಿರಿ, ಶಾಖೆಯಲ್ಲೋ, ವಲಯ ಕಚೇರಿಯಲ್ಲೋ? ಇನ್ನೊಂದು, ಅರ್ಜಿದಾರ ತಮ್ಮ, ಅವನಿಗೆ ಹದಿನೆಂಟು ತುಂಬಿದೆ. ದೂರಿಗೆ ಅವನೊಬ್ಬನ ಸಹಿ ಸಾಕೇ, ಸಹ ಸಾಲಗಾರರೆಂದು ಅಪ್ಪನದೂ ಬೇಕೇ? ಅಪ್ಪನದು ಬೇಕು ಎಂದರೆ ನಾನು ಅವರನ್ನು ಕೇಳುವುದಿಲ್ಲ, ಬೇರೆ ದಾರಿ ಇದ್ದರೆ ಹೇಳಿ. ಬೇಡವೆಂದಾದರೆ ನಾಳೆ ಬೆಳಿಗ್ಗೆಯೇ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತೇನೆ.