ತೀರ್ಪು ಕೊಡುವ ಆತುರ

ಕ್ರೈಸ್ತರ ಮತಾಂಧತೆಯನ್ನೂ ಮುಸ್ಲಿಮರ ಮತಾಂಧತೆಯನ್ನೂ ಪಕ್ಕಪಕ್ಕ ಇಟ್ಟು ತೂಗಲು ಕೂತವರು ಮೊದಲು ಕೈ ಹಾಕುವುದು ಗ್ರಂಥಗಳಿಗೆ. ಒಬ್ಬರು ಕುರಾನಿನಿಂದ ಯುದ್ಧದ ಸಾಲುಗಳನ್ನು ಹೆಕ್ಕಿ ತೆಗೆಯುತ್ತಾರೆ. ಇನ್ನೊಬ್ಬರು ಬೈಬಲಿನ ಹಳೆಯ ಒಡಂಬಡಿಕೆಯನ್ನು ತೆರೆದು, ಯೆರಿಕೋ ಪಟ್ಟಣದಲ್ಲಿ ಹೆಂಗಸರು, ಮಕ್ಕಳು, ದನಕರು ಎನ್ನದೆ ಎಲ್ಲವನ್ನೂ ಕತ್ತಿಗೆ ಕೊಟ್ಟ ಪ್ರಸಂಗವನ್ನು ಓದಿ ಹೇಳುತ್ತಾರೆ. ಈ ಪಂದ್ಯ ಎಂದಿಗೂ ಮುಗಿಯುವುದಿಲ್ಲ. ಎರಡು ಕಡೆಯೂ ಬೇಕಾದಷ್ಟು ಸರಕಿದೆ. ಕೋಟ್ಯಂತರ ಜನ ಅವೇ ಗ್ರಂಥಗಳನ್ನು ಓದಿಕೊಂಡು ಯಾರ ಕೂದಲೂ ಕೊಂಕದಂತೆ ಬದುಕುತ್ತಿದ್ದಾರೆ ಎಂಬುದು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ.

ನಾನು ಕೊಲ್ಲಿ ದೇಶವೊಂದರಲ್ಲಿ ಹಲವು ವರ್ಷ ಕೆಲಸ ಮಾಡಿ ಈಗ ಅಮೆರಿಕದ ದಕ್ಷಿಣ ಭಾಗದ ರಾಜ್ಯವೊಂದರಲ್ಲಿ ನೆಲೆಸಿದ್ದೇನೆ. ಎರಡೂ ಕಡೆ ಹೊರಗಿನವನು. ಎರಡೂ ಧರ್ಮಗಳ ಕಟ್ಟಾ ನಂಬಿಕೆಯ ಪ್ರಕಾರ ಸತ್ತ ಮೇಲೆ ನನ್ನ ಗತಿ ಒಂದೇ. ಇಲ್ಲಿನ ಸಹೋದ್ಯೋಗಿಯೊಬ್ಬರು, ಭೂಮಿಗೆ ಆರು ಸಾವಿರ ವರ್ಷ ವಯಸ್ಸು ಎಂದು ನಂಬಿದವರು, ಅದನ್ನು ಮುಖಕ್ಕೇ ಹೇಳಿದ್ದಾರೆ: ಯೇಸುವನ್ನು ಒಪ್ಪದಿದ್ದರೆ ನಿಮಗೆ ನರಕ ತಪ್ಪಿದ್ದಲ್ಲ. ದನಿಯಲ್ಲಿ ದ್ವೇಷವಿರಲಿಲ್ಲ, ನಿಜವಾದ ಸಂಕಟವಿತ್ತು. ಅಷ್ಟು ಹೇಳಿ ಮುಗಿಸಿ ನನ್ನ ಜೊತೆ ಕೂತು ಆ ವಾರದ ವರದಿಯನ್ನು ತಿದ್ದಿದರು. ಅವರ ಸಿದ್ಧಾಂತ ಭಿನ್ನಮತದವರನ್ನು ಸುಟ್ಟ ಹದಿನಾರನೆಯ ಶತಮಾನದ ಕ್ರೈಸ್ತರ ಸಿದ್ಧಾಂತಕ್ಕಿಂತ ಒಂದಿಷ್ಟೂ ಮೆದುವಲ್ಲ. ಆದರೆ ಶಿಕ್ಷೆ ಕೊಡುವ ಕೆಲಸವನ್ನು ದೇವರಿಗೇ ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಉಗ್ರವಾದ ಶುರುವಾಗುವುದು ನಂಬಿಕೆ ಗಟ್ಟಿಯಾದಾಗ ಅಲ್ಲ, ದೇವರ ತೀರ್ಪನ್ನು ಇಲ್ಲಿಯೇ, ತನ್ನ ಕೈಯಿಂದಲೇ ಜಾರಿ ಮಾಡಬೇಕೆಂಬ ಆತುರ ಹುಟ್ಟಿದಾಗ. ಎರಡು ಧರ್ಮಗಳ ದಾರಿ ಕವಲೊಡೆಯುವುದು ಆ ಆತುರ ಯಾರದು ಎಂಬಲ್ಲಿ.

ಇಬ್ಬರು ವಿದ್ಯಾರ್ಥಿಗಳ ಕಥೆಯನ್ನೇ ನೋಡಿ. ಎಡಿನ್‌ಬರೋ ವಿಶ್ವವಿದ್ಯಾಲಯದ ಥಾಮಸ್ ಐಕೆನ್‌ಹೆಡ್‌ಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿತ್ವದ ಬಗ್ಗೆ ಕುಹಕವಾಡಿದ, ಬೈಬಲಿನ ಮೊದಲ ಭಾಗಗಳನ್ನು ಕಟ್ಟುಕಥೆ ಎಂದ ಎಂಬುದು ಆರೋಪ. ಕೊರೆಯುವ ಚಳಿಯ ರಾತ್ರಿ ಚರ್ಚಿನ ಮುಂದೆ ಹಾಯುವಾಗ, ನರಕದಲ್ಲಿದ್ದಿದ್ದರೆ ಬೆಚ್ಚಗಾದರೂ ಇರಬಹುದಿತ್ತು ಎಂದು ನಕ್ಕನೆಂಬುದೂ ಆರೋಪಗಳಲ್ಲಿ ಒಂದು. ಸಾಕ್ಷಿ ಹೇಳಿದವರು ಅವನ ಜೊತೆಗೆ ಓದುತ್ತಿದ್ದ ಹುಡುಗರೇ. ಅವನು ತಪ್ಪೊಪ್ಪಿಕೊಂಡು ಕ್ಷಮೆ ಬೇಡಿದ. ಪಾದ್ರಿಗಳ ಮಹಾಸಭೆ ಮಾತ್ರ ಶಿಕ್ಷೆ ಜಾರಿಯಾಗಲಿ ಎಂದು ಪಟ್ಟು ಹಿಡಿಯಿತು. 1697ರ ಜನವರಿ 8ರಂದು ಅವನನ್ನು ಗಲ್ಲಿಗೇರಿಸಿದರು. ಬ್ರಿಟನ್ನಿನಲ್ಲಿ ಧರ್ಮನಿಂದನೆಗಾಗಿ ಪ್ರಾಣ ತೆತ್ತ ಕೊನೆಯವನು ಅವನೇ. ಕಾನೂನು ಮಾತ್ರ ಮುದಿಯಾಗಿ ಉಸಿರಾಡುತ್ತಲೇ ಇತ್ತು. ಇಂಗ್ಲೆಂಡ್ ತನ್ನ ಧರ್ಮನಿಂದನೆಯ ಅಪರಾಧವನ್ನು ರದ್ದು ಮಾಡಿದ್ದು 2008ರಲ್ಲಿ.

ಪಾಕಿಸ್ತಾನದ ಮರ್ದಾನ್ ನಗರದ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಮಶಾಲ್ ಖಾನ್‌ನನ್ನು 2017ರ ಏಪ್ರಿಲ್ 13ರಂದು ಕೊಂದವರ ಗುಂಪಿನಲ್ಲೂ ಅವನ ಸಹಪಾಠಿಗಳಿದ್ದರು. ವಿದ್ಯಾರ್ಥಿನಿಲಯದಲ್ಲಿ ಹುಡುಕಿ ಹಿಡಿದು, ಹೊಡೆದು, ಗುಂಡಿಟ್ಟು, ಸತ್ತ ಮೇಲೂ ಹೆಣವನ್ನು ಬಿಡಲಿಲ್ಲ. ಅವನು ಧರ್ಮನಿಂದನೆ ಮಾಡಿದ್ದಕ್ಕೆ ತನಿಖೆಯಲ್ಲಿ ಒಂದು ಪುರಾವೆಯೂ ಸಿಗಲಿಲ್ಲ. ಐಕೆನ್‌ಹೆಡ್‌ನನ್ನು ಕೊಂದದ್ದು ನ್ಯಾಯಾಲಯ, ಹಿಂದೆ ನಿಂತದ್ದು ಚರ್ಚು. ಕಡತವಿತ್ತು, ಸಾಕ್ಷಿಯಿತ್ತು, ತೀರ್ಪಿತ್ತು. ಪಾಕಿಸ್ತಾನದಲ್ಲಿ ಮರಣದಂಡನೆಯ ಕಾನೂನು ಇದ್ದರೂ ಅದರ ಅಡಿಯಲ್ಲಿ ಸರ್ಕಾರ ಇದುವರೆಗೆ ಒಬ್ಬರನ್ನೂ ಗಲ್ಲಿಗೇರಿಸಿಲ್ಲ. ಸತ್ತವರಲ್ಲಿ ಹೆಚ್ಚಿನವರು ಜನರ ಕೈಯಲ್ಲಿ ಸತ್ತವರು. ಅಲ್ಲಿ ಕಾನೂನು ಗಲ್ಲುಗಂಬವಲ್ಲ, ಗುಂಪಿಗೆ ಕೊಟ್ಟ ಪರವಾನಗಿ.

ಆ ಪರವಾನಗಿ ಪುರಾತನವಾದದ್ದೂ ಅಲ್ಲ. ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆ, ಅದಕ್ಕೆ 1927ರಲ್ಲಿ ಸೇರಿದ, ಧಾರ್ಮಿಕ ಭಾವನೆ ಕೆಣಕುವುದನ್ನು ಅಪರಾಧವಾಗಿಸಿದ ಕಲಂ 295ಎ, ಆಮೇಲೆ ಜಿಯಾ ಉಲ್ ಹಕ್ ಕಾಲದಲ್ಲಿ 1982ರಲ್ಲಿ ಕುರಾನಿಗೆ ಅಪಚಾರದ 295ಬಿ, 1986ರಲ್ಲಿ ಪ್ರವಾದಿಯ ನಿಂದನೆಗೆ ಮರಣದಂಡನೆಯ 295ಸಿ. ಓಟಿನ ಬಲವಿಲ್ಲದ ಸೇನಾಧಿಕಾರಿಗೆ ಧರ್ಮದ ಮುದ್ರೆ ಬೇಕಿತ್ತು, ಒತ್ತಿಸಿಕೊಂಡ.

ಕ್ರೈಸ್ತ ಕೊಲೆಗಾರರು ಈಗ ಇಲ್ಲವೆಂದಲ್ಲ. 2009ರ ಮೇ 31ರ ಭಾನುವಾರ ಕ್ಯಾನ್ಸಸ್‌ನ ವಿಚಿಟಾದಲ್ಲಿ ಡಾ. ಜಾರ್ಜ್ ಟಿಲ್ಲರ್ ಅವರನ್ನು ಅವರದೇ ಚರ್ಚಿನೊಳಗೆ, ಪ್ರಾರ್ಥನೆಗೆ ಬಂದವರನ್ನು ಬರಮಾಡಿಕೊಳ್ಳುತ್ತಿದ್ದಾಗ, ಒಬ್ಬಾತ ಗುಂಡಿಟ್ಟು ಕೊಂದ. ಗರ್ಭಪಾತ ಮಾಡಿಸುವ ವೈದ್ಯನನ್ನು ಕೊಲ್ಲುವುದು ಶಿಶುಗಳನ್ನು ಉಳಿಸಿದಂತೆ ಎಂಬುದು ಅವನ ತರ್ಕ. ಎರಡು ವರ್ಷ ತುಂಬುವುದರೊಳಗೆ, 2011ರ ಜನವರಿ 4ರಂದು, ಇಸ್ಲಾಮಾಬಾದಿನಲ್ಲಿ ಪಂಜಾಬ್ ರಾಜ್ಯಪಾಲ ಸಲ್ಮಾನ್ ತಾಸೀರ್ ಅವರನ್ನು ಅವರ ಕಾವಲುಗಾರನೇ ಕೊಂದ. ಧರ್ಮನಿಂದನೆಯ ಆರೋಪದಲ್ಲಿ ಜೈಲಿನಲ್ಲಿದ್ದ ಕ್ರೈಸ್ತ ಹೆಂಗಸು ಆಸಿಯಾ ಬೀಬಿಯ ಪರ ಮಾತಾಡಿದ್ದು ಅವರ ಅಪರಾಧ. ಕೊಂದ ಇಬ್ಬರ ತಲೆಯೊಳಗೆ ಓಡುತ್ತಿದ್ದದ್ದು ಒಂದೇ ಲೆಕ್ಕ, ನನಗೆ ಅದರಲ್ಲಿ ಅನುಮಾನವಿಲ್ಲ. ವ್ಯತ್ಯಾಸ ಇರುವುದು ಸುತ್ತ ನಿಂತವರಲ್ಲಿ. ಟಿಲ್ಲರ್ ಅವರನ್ನು ಕೊಂದವನನ್ನು ಹೊಗಳಿದವರು ಅಂಚಿನ ಕೆಲವರು. ಗರ್ಭಪಾತವನ್ನು ವಿರೋಧಿಸುವ ದೊಡ್ಡ ಸಂಘಟನೆಗಳು ಕೊಲೆಯನ್ನು ಖಂಡಿಸಿದವು. ತಾಸೀರ್ ಅವರನ್ನು ಕೊಂದವನ ಮೇಲೆ, ನ್ಯಾಯಾಲಯಕ್ಕೆ ಕರೆತಂದಾಗ, ಗುಲಾಬಿ ಪಕಳೆ ಸುರಿದವರು ವಕೀಲರು. ಕರಿ ಕೋಟು ತೊಟ್ಟವರು, ಕಾನೂನು ಓದಿದವರು! 2016ರಲ್ಲಿ ಅವನನ್ನು ಗಲ್ಲಿಗೇರಿಸಿದಾಗ ಅಂತ್ಯಯಾತ್ರೆಗೆ ಜನಸಾಗರ ಸೇರಿತು. ಸಮಾಧಿಯ ಮೇಲೆ ಈಗ ಗುಡಿಯಂಥ ಕಟ್ಟಡವಿದೆ. ಎರಡು ಕಡೆಯ ಉಗ್ರವಾದ ಇವತ್ತು ಸಮಸಮ ಎಂದು ಹೇಳುವ ಸಜ್ಜನರ ಮಾತನ್ನು ನಾನು ಒಪ್ಪದಿರುವುದು ಇದಕ್ಕೆ. ಹಂತಕರು ಎಲ್ಲೆಲ್ಲೂ ಸಿಗುತ್ತಾರೆ, ಪಕಳೆಗಳು ಎಲ್ಲೆಲ್ಲೂ ಸುರಿಯುವುದಿಲ್ಲ.

ಹಾಗೆಂದು ಇದು ಇಸ್ಲಾಮಿನ ಹುಟ್ಟುಗುಣ ಎನ್ನುವವರಿಗೆ ಯುರೋಪಿನ ಇತಿಹಾಸ ಮರೆತಿದೆ. ಅವರು ಹೇಳುವ ಔಷಧವೂ ವಿಚಿತ್ರವಾದದ್ದು: ಇಸ್ಲಾಮಿಗೆ ಒಬ್ಬ ಲೂಥರ್, ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಜರ್ಮನ್ ಪಾದ್ರಿಯಂಥವನು, ಬೇಕಂತೆ. ಲೂಥರ್ 1517ರಲ್ಲಿ ಹಚ್ಚಿದ ಕಿಡಿಯಿಂದ ಕ್ರೈಸ್ತಧರ್ಮ ತಣ್ಣಗಾಗಲಿಲ್ಲ, ಹತ್ತಿ ಉರಿಯಿತು. 1543ರಲ್ಲಿ ಅದೇ ಲೂಥರ್ ಯೆಹೂದಿಗಳ ಪ್ರಾರ್ಥನಾಮಂದಿರಗಳಿಗೆ ಬೆಂಕಿ ಇಡಿ ಎಂದು ಬರೆದ. 1553ರಲ್ಲಿ ಸುಧಾರಕರ ರಾಜಧಾನಿಯಂತಿದ್ದ ಜಿನೀವಾದಲ್ಲಿ ತ್ರಿತ್ವವನ್ನು ಒಪ್ಪದ ಪಂಡಿತ ಮಿಖಾಯೆಲ್ ಸರ್ವೆಟಸ್‌ನನ್ನು ಜೀವಂತ ಸುಟ್ಟರು. 1566ರಲ್ಲಿ ನೆದರ್ಲೆಂಡ್ಸ್ ಸುತ್ತಮುತ್ತ ಚರ್ಚುಗಳಿಗೆ ನುಗ್ಗಿ ವಿಗ್ರಹಗಳನ್ನು ಪುಡಿಗಟ್ಟಿದರು. 1572ರಲ್ಲಿ ಪ್ಯಾರಿಸಿನಲ್ಲಿ ಪ್ರೊಟೆಸ್ಟೆಂಟರ ಮಾರಣಹೋಮ. 1618ರಿಂದ 1648ರವರೆಗೆ ಜರ್ಮನ್ ನಾಡು ಮೂವತ್ತು ವರ್ಷ ಹೊತ್ತಿ ಉರಿದು, ಕೊನೆಗೆ ನಿಂತದ್ದು ಯಾರಿಗೋ ಜ್ಞಾನೋದಯವಾಗಿ ಅಲ್ಲ, ಕಾದಾಡುವ ಶಕ್ತಿ ಯಾರಲ್ಲೂ ಉಳಿಯದೆ.

ಗ್ರಂಥವೊಂದೇ ಸಾಕು, ನಡುವಿನ ಸಂತರು, ಸಮಾಧಿಗಳು, ಸಂಪ್ರದಾಯಗಳೆಲ್ಲ ಕಸ ಎಂಬ ಸುಧಾರಣೆ ಇಸ್ಲಾಮಿನಲ್ಲೂ ಆಗಿದೆ. ಹದಿನೆಂಟನೆಯ ಶತಮಾನದ ಅರೇಬಿಯಾದಲ್ಲಿ ಮುಹಮ್ಮದ್ ಇಬ್ನ್ ಅಬ್ದುಲ್ ವಹಾಬ್ ಮಾಡಿದ್ದು ಅದನ್ನೇ. 1744ರಲ್ಲಿ ಸೌದ್ ಮನೆತನದ ಕತ್ತಿ ಅವನ ಬೋಧನೆಯ ಜೊತೆಗೂಡಿತು. ಮುಂದಿನ ಶತಮಾನದ ಆರಂಭದಲ್ಲಿ ಆ ಸೈನ್ಯ ಕರ್ಬಲಾದ ಮೇಲೆ ಬಿದ್ದು ಸಾವಿರಾರು ಶಿಯಾಗಳನ್ನು ಕೊಂದಿತು. 1920ರ ದಶಕದಲ್ಲಿ ಮದೀನಾದ ಹಳೆಯ ಸಮಾಧಿಮಂದಿರಗಳು ನೆಲಸಮವಾದವು. ಲೂಥರ್ ಬರಲಿ ಎಂದು ಕಾಯುತ್ತಿರುವವರು ಬಂದು ಹೋದವನನ್ನು ಗುರುತಿಸಿಲ್ಲ.

ಯುರೋಪನ್ನು ಬದಲಾಯಿಸಿದ್ದು ರಾಜ್ಯ ಚರ್ಚಿನ ಕೈಯಿಂದ ಕತ್ತಿ ಕಿತ್ತುಕೊಂಡದ್ದು. ಮನಸ್ಸು ಬದಲಾದದ್ದು ಆಮೇಲೆ, ಬಹಳ ನಿಧಾನವಾಗಿ. 1864ರಲ್ಲಿ ಕೂಡ ಪೋಪ್ ಒಂಬತ್ತನೆಯ ಪಯಸ್ ಧಾರ್ಮಿಕ ಸ್ವಾತಂತ್ರ್ಯವನ್ನು ಕಾಲದ ತಪ್ಪುಗಳ ಪಟ್ಟಿಗೆ ಸೇರಿಸಿದ್ದರು. ಕ್ಯಾಥೊಲಿಕ್ ಚರ್ಚು ಅದನ್ನು ಮನುಷ್ಯನ ಹಕ್ಕೆಂದು ಒಪ್ಪಿದ್ದು 1965ರಲ್ಲಿ, ಎರಡನೆಯ ವ್ಯಾಟಿಕನ್ ಸಮ್ಮೇಳನದಲ್ಲಿ, 70ರ ವಿರುದ್ಧ 2,308 ಮತಗಳಿಂದ. ಕೈಕೋಳ ತೊಡಿಸಿ ಎಷ್ಟೋ ಕಾಲವಾದ ಮೇಲೆ ಕೈ ತಾನಾಗಿಯೇ ಕತ್ತಿ ಬೇಡವೆಂದಿತು. ಆದರೂ ಒಂದು ಅನುಕೂಲವಿತ್ತು: ಒಂದು ಸಭೆ, ಒಂದು ಮತದಾನ, ಇಡೀ ಸಂಸ್ಥೆ ತಿರುಗಿತು.

ಸುನ್ನಿ ಇಸ್ಲಾಮಿನಲ್ಲಿ ಅಂಥ ಸಭೆ ಕರೆಯುವವರೇ ಇಲ್ಲ. ಇದರ ಲಾಭವನ್ನು ನಾವು ಮರೆಯುತ್ತೇವೆ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಗೋವಾದಲ್ಲಿ ನಡೆದಂಥ, ಚರ್ಚಿನ ಧರ್ಮವಿಚಾರಣೆಯಾದ ಇಂಕ್ವಿಸಿಷನ್‌ಗೆ ಬೇಕಾದ ಕಚೇರಿ, ಗುಮಾಸ್ತರು, ಕಡತಗಳ ಶ್ರೇಣಿ ಇಸ್ಲಾಮಿನಲ್ಲಿ ಬೆಳೆಯಲಿಲ್ಲ. (ಆ ಗೋವಾ ನ್ಯಾಯಮಂಡಳಿಯ ಮುಂದೆ ನಿಂತವರಲ್ಲಿ ಹೆಚ್ಚಿನವರು ಆಗಲೇ ಮತಾಂತರಗೊಂಡವರು, ಹಳೆಯ ಆಚಾರ ಬಿಟ್ಟಿಲ್ಲ ಎಂಬ ಶಂಕೆಗೆ ಸಿಕ್ಕವರು. ಉಗ್ರವಾದ ಮೊದಲು ತಿನ್ನುವುದು ತನ್ನವರನ್ನೇ.) ನಷ್ಟವೂ ಅದೇ ಬೇರಿನದು. 2005ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸೇರಿದ ವಿದ್ವಾಂಸರು, ಒಬ್ಬ ಮುಸ್ಲಿಮನು ಇನ್ನೊಬ್ಬನನ್ನು ಕಾಫಿರ್ ಎಂದು ಘೋಷಿಸುವಂತಿಲ್ಲ ಎಂದು ಸಾರಿದರು. 2014ರ ಸೆಪ್ಟೆಂಬರಿನಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಐಸಿಸ್ ನಾಯಕ ಬಾಗ್ದಾದಿಗೆ ಬಹಿರಂಗ ಪತ್ರ ಬರೆದು ಅದನ್ನೇ ಹೇಳಿದರು. ಪತ್ರ ಒಳ್ಳೆಯದಿತ್ತು. ಅಷ್ಟರಲ್ಲಿ ಇರಾಕಿನ ಸಿಂಜಾರಿನ ಯಜೀದಿ ಎಂಬ ಅಲ್ಪಸಂಖ್ಯಾತ ಧರ್ಮದ ಹೆಂಗಸರು ಗುಲಾಮರಾಗಿ ಮಾರಾಟವಾಗಿದ್ದರು.

ಕೊಲ್ಲಿಯಲ್ಲಿದ್ದಾಗ ನನ್ನ ಪಕ್ಕದ ಮೇಜಿನಲ್ಲಿ ಲಾಹೋರಿನವರೊಬ್ಬರು ಕೂರುತ್ತಿದ್ದರು, ಸುನ್ನಿ ಮುಸ್ಲಿಮರು, ಐದು ಹೊತ್ತು ನಮಾಜು ತಪ್ಪಿಸದವರು. ಪಾಸ್‌ಪೋರ್ಟ್ ನವೀಕರಿಸುವ ಅರ್ಜಿಯನ್ನು ಒಮ್ಮೆ ನನ್ನ ಮುಂದಿಟ್ಟರು. ಅಹ್ಮದೀಯ ಪಂಥವನ್ನು ಸ್ಥಾಪಿಸಿದವನು ಸುಳ್ಳು ಪ್ರವಾದಿ, ಅವನ ಅನುಯಾಯಿಗಳು ಮುಸ್ಲಿಮರಲ್ಲ ಎಂದು ಘೋಷಿಸಿ ಪ್ರತಿಯೊಬ್ಬ ಮುಸ್ಲಿಂ ಅರ್ಜಿದಾರನೂ ಸಹಿ ಹಾಕಬೇಕು. ಅವರ ಬಾಲ್ಯದ ಗೆಳೆಯ ಅಹ್ಮದೀಯ. “ಪ್ರತಿ ಸಲವೂ ಅವನ ವಿರುದ್ಧ ಸಾಕ್ಷಿ ಹೇಳಿ ನಾನು ವಿಮಾನ ಹತ್ತುತ್ತೇನೆ” ಎಂದರು. ಸಹಿ ಹಾಕಿದರು, ಹಾಕದೆ ಗತ್ಯಂತರವಿರಲಿಲ್ಲ. 1974ರಲ್ಲಿ ಸಂಸತ್ತಿನಲ್ಲಿ ಕೂತು, ಯಾರು ಮುಸ್ಲಿಮರಲ್ಲ ಎಂಬುದನ್ನು ಸಂವಿಧಾನಕ್ಕೆ ತಿದ್ದುಪಡಿ ತಂದು ನಿರ್ಧರಿಸಿದ ದೇಶದಲ್ಲಿ ಗುಂಪುಗಳು ಬೀದಿಯಲ್ಲಿ ಅದನ್ನೇ ಮುಂದುವರಿಸಿದರೆ ಆಶ್ಚರ್ಯವೇನು?

ಇಸ್ಲಾಮಿಗೆ ಇದಕ್ಕೆ ಮದ್ದು ಯುರೋಪಿನಿಂದ ಬರಬೇಕಾಗಿಲ್ಲ. ಅದರ ಮೊದಲ ಶತಮಾನದಲ್ಲೇ ಈ ಜಗಳ ಎದ್ದಿತ್ತು. ಖಾರಿಜಿಗಳೆಂಬವರು, ಪಾಪ ಮಾಡಿದವನು ಮುಸ್ಲಿಮನೇ ಅಲ್ಲ ಎಂದು ಹೊರಟು, 661ರಲ್ಲಿ ಪ್ರವಾದಿಯವರ ಅಳಿಯ ಅಲಿಯವರನ್ನೇ ಕೂಫಾದ ಮಸೀದಿಯಲ್ಲಿ ಕೊಂದರು. ಅದಕ್ಕೆ ಎದುರಾಗಿ ಮುರ್ಜಿಯಾ ಎಂಬ ಪಂಥ ಬೆಳೆಯಿತು: ಯಾರ ನಂಬಿಕೆ ನಿಜ, ಯಾರದು ಸುಳ್ಳು ಎಂಬ ತೀರ್ಮಾನವನ್ನು ದೇವರಿಗೆ ಬಿಡಿ, ಕಡೆಯ ದಿನದವರೆಗೆ ಕಾಯಿರಿ. ಪಂಥ ಅಳಿಯಿತು, ಆದರೆ ಆ ಮಾತಿನ ತಿರುಳನ್ನು ಸುನ್ನಿ ಮುಖ್ಯವಾಹಿನಿ ಒಳಗೆ ತೆಗೆದುಕೊಂಡಿತು. ನನ್ನ ಇಲ್ಲಿನ ಸಹೋದ್ಯೋಗಿ ಬೈಬಲ್ ಕೈಯಲ್ಲಿ ಹಿಡಿದು ತಲುಪಿರುವುದೂ ಅಲ್ಲಿಗೇ. ಐಸಿಸ್‌ನವರನ್ನು ಸಾಮಾನ್ಯ ಮುಸ್ಲಿಮರು ಖಾರಿಜಿಗಳೆಂದು ಬೈಯುವುದು ಸುಮ್ಮನೆ ಅಲ್ಲ.

ಈಚೆಗೆ ಕೊಲ್ಲಿಯ ಅರಸರು ಈ ಕತ್ತಿಯನ್ನು ಕಿತ್ತುಕೊಳ್ಳುತ್ತಿದ್ದಾರೆ. 2015ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಇನ್ನೊಬ್ಬನನ್ನು ಕಾಫಿರ್ ಎಂದು ಘೋಷಿಸುವುದನ್ನೇ ಅಪರಾಧ ಮಾಡಿತು. 2016ರಲ್ಲಿ ಸೌದಿಯ ಧಾರ್ಮಿಕ ಪೊಲೀಸರು ಬಂಧಿಸುವ ಅಧಿಕಾರ ಕಳೆದುಕೊಂಡರು. ಎಲ್ಲ ಅರಸನ ಒಂದು ಆಜ್ಞೆಯಿಂದ. ಅರಸನನ್ನು ಟೀಕಿಸಿದವರೂ ಅದೇ ಸುಲಭದಲ್ಲಿ ಜೈಲು ಸೇರುತ್ತಾರೆ. ಹೀಗೆ ಬಂದದ್ದು ಉಳಿಯುತ್ತದೆಯೇ ಎಂಬ ಸಂಶಯ ನನಗಿದೆ, ಯುರೋಪಿನಲ್ಲೂ ಮೊದಲು ಕಿತ್ತುಕೊಂಡವರು ಅರಸರೇ ಆಗಿದ್ದರೂ.

ಸುಡಾನ್ 1985ರಲ್ಲಿ ಮಹಮೂದ್ ಮೊಹಮ್ಮದ್ ತಾಹಾ ಎಂಬ ವೃದ್ಧ ಚಿಂತಕನನ್ನು ಧರ್ಮಭ್ರಷ್ಟನೆಂದು ಗಲ್ಲಿಗೇರಿಸಿತ್ತು. ಅದೇ ಸುಡಾನ್ 2020ರಲ್ಲಿ ಧರ್ಮತ್ಯಾಗಕ್ಕಿದ್ದ ಮರಣದಂಡನೆಯನ್ನು ಕಾನೂನಿನಿಂದ ತೆಗೆದುಹಾಕಿತು. ಮೂರು ವರ್ಷದ ನಂತರ, ಅಲ್ಲಿಂದ ಬಹು ದೂರವಿಲ್ಲದ, ಕ್ರೈಸ್ತರೇ ಹೆಚ್ಚಿರುವ ಉಗಾಂಡ ಸಲಿಂಗ ಸಂಬಂಧದ ಕೆಲವು ಪ್ರಕರಣಗಳಿಗೆ ಮರಣದಂಡನೆ ವಿಧಿಸುವ ಕಾಯ್ದೆ ತಂದಿತು. ಅಲ್ಲಿನ ಚರ್ಚಿನ ಹಿರಿಯರೂ ಮುಸ್ಲಿಂ ಧರ್ಮಗುರುಗಳೂ ಕಾಯ್ದೆಯನ್ನು ಬೆಂಬಲಿಸಿದರು.