ಇಂಜಿನ್ನಿಗೊಂದು ಲಂಗೋಟಿ

ಶನಿವಾರ ಸಾಯಂಕಾಲ ಒಂದು ಗಂಟೆ ಹತ್ತು ನಿಮಿಷ ಹೆಲ್ಮೆಟ್ ತೊಡೆ ಮೇಲಿಟ್ಕೊಂಡು, ಕಾರೊಳಗೆ ಕೂತು ಬೆವರಿಳಿಸ್ಕೊಂಡು, ಇನ್ನೊಬ್ಬನ ಕಾರು ಟ್ರ್ಯಾಕ್ ಮೇಲೆ ಆಯಿಲ್ ಚೆಲ್ಲಿದ್ದಕ್ಕೆ ರೇಸೇ ಓಡ್ದೆ ವಾಪಸ್ ಬಂದಿದೀನಿ. ಆ ಸಿಟ್ಟಲ್ಲೇ ಬರೀತಿರೋದು, ಉದ್ದ ಆದ್ರೆ ಅಡ್ಜಸ್ಟ್ ಮಾಡ್ಕೊಳಿ.

ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ, ನಾನಿರೋದು ಒಹಾಯೋದಲ್ಲಿ, ವಾರವೆಲ್ಲ ಆಫೀಸು ಮೀಟಿಂಗು, ಶನಿವಾರ ಬಂದ್ರೆ ಗೆಳೆಯನೊಬ್ಬನ ಜೊತೆ ಅರ್ಧಕ್ಕರ್ಧ ದುಡ್ಡು ಹಾಕಿ ತಗೊಂಡಿರೋ ಹಳೇ ವಿ8 (ಎಂಟು ಸಿಲಿಂಡರ್) ಕಾರನ್ನ ಟ್ರೇಲರ್ ಮೇಲೇರಿಸ್ಕೊಂಡು ಡ್ರ್ಯಾಗ್ ಸ್ಟ್ರಿಪ್ಪಿಗೆ ಹೋಗೋದು. ಕಾಲು ಮೈಲಿ, ಅಂದ್ರೆ 1320 ಅಡಿ ನೇರ ದಾರಿ, ಪಕ್ಕಪಕ್ಕ ಎರಡು ಕಾರು, ಹಸಿರು ಲೈಟ್ ಬಿದ್ರೆ ಬಿಡೋದು. ಆಟ ಅಷ್ಟೇ. ನಮ್ಮದು 11.9 ಸೆಕೆಂಡಲ್ಲಿ ಮುಗಿಸತ್ತೆ, ಕೊನೆಗೆ ಗಂಟೆಗೆ ಹತ್ರಹತ್ರ 180 ಕಿಲೋಮೀಟರ್. ದುಡ್ಡು ಸುಡೋಕೆ ಇದಕ್ಕಿಂತ ಫಾಸ್ಟ್ ದಾರಿ ಇಲ್ಲ ಅಂತಾಳೆ ನನ್ನ ಹೆಂಡ್ತಿ, ನನ್ನತ್ರ ಅದಕ್ಕೆ ಉತ್ತರ ಇಲ್ಲ.

ಶನಿವಾರ ಏನಾಯ್ತಪ್ಪಾ ಅಂದ್ರೆ, ನಮಗಿಂತ ನಾಲ್ಕು ಜೋಡಿ ಮುಂದೆ ಒಬ್ಬ ಹುಡುಗ, ಹೊಸದಾಗಿ ಇಂಜಿನ್ ಪವರ್ ಏರಿಸೋ ನೈಟ್ರಸ್ ಗ್ಯಾಸ್ ಹಾಕಿಸ್ಕೊಂಡು ಬಂದಿದ್ದ. ಅರ್ಧ ದಾರೀಲಿ ಕಾರ್ ಅಡಿಯಿಂದ ಬಿಳಿ ಹೊಗೆ, ಹಿಂದೇನೇ ಬೆಂಕಿ ಒಂದ್ಸಲ ನಾಲಗೆ ಚಾಚಿ ಆರೋಯ್ತು. ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್ ಮುರಿದು ಇಂಜಿನ್ ಬ್ಲಾಕ್ ಒಡ್ಕೊಂಡು ಆಚೆ ಬಂದಿತ್ತು. ಈಗ ಸ್ವಲ್ಪ ಯೋಚನೆ ಮಾಡಿ, ಇಂಜಿನ್ ಇರೋದು ಮುಂದೆ, ಕಾರನ್ನ ತಳ್ಳೋ ಟೈರ್ ಇರೋದು ಹಿಂದೆ, ಸುರಿದ ಆಯಿಲ್ ಮೊದಲು ಹೋಗಿ ಸೇರೋದು ಅವನದೇ ಹಿಂದಿನ ಟೈರ್ ಕೆಳಗೆ. ಕಾರು ಗಿರಗಿರ ತಿರುಗಿ ಪಕ್ಕದ ಲೇನಿಗೆ ಅಡ್ಡ ಹೋಯ್ತು. ಪಕ್ಕದ ಲೇನಿನವನು ಅಷ್ಟೊತ್ತಿಗೆ ಎರಡು ಕಾರಿನಷ್ಟು ಮುಂದೆ ಹೋಗಿದ್ದ, ಹಾಗಾಗಿ ಇವತ್ತು ನಾನು ಸಿಟ್ಟಲ್ಲಷ್ಟೇ ಬರೀತಿದೀನಿ. ಹುಡುಗನಿಗೆ ಏನೂ ಆಗ್ಲಿಲ್ಲ, ಬೆಂಕಿ ತಡೆಯೋ ಜಾಕೆಟ್ ಹಾಕಿದ್ದ, ಹೆಲ್ಮೆಟ್ ಇತ್ತು, ಎಲ್ಲ ಸರಿ. ಇಂಜಿನ್ ಅಡಿಗೆ ಮಾತ್ರ ಏನೂ ಇರ್ಲಿಲ್ಲ.

ಆಮೇಲೆ ಶುರುವಾಯ್ತು ಬಳಿಯೋ ಕೆಲಸ. ನಮ್ಮೂರಲ್ಲಿ ಬಸ್ಸಿಂದ ಡೀಸೆಲ್ ಚೆಲ್ಲಿದ್ರೆ ಪಕ್ಕದ ಅಂಗಡಿಯವನು ಒಂದು ಬಾಂಡ್ಲಿ ಮಣ್ಣು ತಂದು ಸುರಿದು ಮುಗಿಸ್ತಾನೆ, ಇಲ್ಲಿ ಹಾಗಾಗಲ್ಲ, ಯಾಕಂದ್ರೆ ಈ ಟ್ರ್ಯಾಕ್ ಬರೀ ಡಾಂಬರೋ ಕಾಂಕ್ರೀಟೋ ಅಲ್ಲ. ಅದರ ಮೇಲೆ ಸೀಸನ್ ಪೂರ್ತಿ ಅಂಟಿದ ಟೈರ್ ರಬ್ಬರ್ ಪದರ ಇರತ್ತೆ, ಅದರ ಮೇಲೆ ಅಂಟಂಟು ಕಾಂಪೌಂಡ್ ಹೊಡೆದಿರ್ತಾರೆ, ನಡೆದ್ರೆ ಚಪ್ಪಲಿ ಕಿತ್ಕೊಂಡು ಅಲ್ಲೇ ಉಳ್ಕೊಳತ್ತೆ. ಅದರೊಳಗೆ ಇಳಿದ ಆಯಿಲನ್ನ ಹೀರೋಕೆ ಜೇಡಿಮಣ್ಣಿನ ಪುಡಿ ಹಾಕ್ಬೇಕು, ಉಜ್ಜಬೇಕು, ಗುಡಿಸ್ಬೇಕು, ತೊಳೀಬೇಕು, ಒಣಗಿಸ್ಬೇಕು, ಮತ್ತೆ ಕಾಂಪೌಂಡ್ ಹೊಡೀಬೇಕು. ಐದು ಲೀಟರ್ ಆಯಿಲ್ಲಿಗೆ ಹತ್ತು ಜನ ಒಂದು ಗಂಟೆ ಮೇಲೆ. ಮುಗಿಯೋ ಹೊತ್ತಿಗೆ ಇಬ್ಬನಿ ಬೀಳೋಕೆ ಶುರುವಾಗಿ ಆ ದಿನದ ಕತೆ ಮುಗೀತು.

ಇದಕ್ಕೆ ಮದ್ದು ಯಾವತ್ತೋ ಇದೆ. ಇಲ್ಲಿನೋರು ಅದನ್ನ ಡೈಪರ್ ಅಂತಾರೆ, ತಮಾಷೆ ಅಲ್ಲ, ಅಂಗಡೀಲಿ ಕೇಳಿದ್ರೂ ಡೈಪರ್ ಅಂತಾನೇ ಕೊಡ್ತಾರೆ. ಆಯಿಲ್ ಸಂಪ್, ಅಂದ್ರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿ ಸುತ್ತ ಕಟ್ಟೋ ದಪ್ಪ ಚೀಲ, ಹೊರಗಡೆ ರಾಡ್ ಚೂರು ಬಂದು ಬಡಿದ್ರೂ ತಡ್ಕೊಳೋ ಗಟ್ಟಿ ಬಟ್ಟೆ, ಒಳಗೆ ಆಯಿಲ್ ಹೀರೋ ಪ್ಯಾಡು, ಪಟ್ಟಿ ಎಳೆದು ಇಂಜಿನ್ನಿಗೇ ಬಿಗಿಯೋದು. ರೇಸಿಂಗ್ ಸಾಮಾನಿಗೆ ಸ್ಟ್ಯಾಂಡರ್ಡ್ ಬರೆಯೋ ಎಸ್‌ಎಫ್‌ಐ ಸಂಸ್ಥೆ ಇದಕ್ಕೆ ಅಂತ 7.1 ನಂಬರಿನ ಸ್ಪೆಕ್ಕೇ ಇಟ್ಟಿದೆ. ಮೊದಲ್ನೇ ಸಲ ಫೋನಲ್ಲಿ ಅಪ್ಪಂಗೆ ವಿವರಿಸಿದಾಗ ಅವರು ಪೂರ್ತಿ ಕೇಳಿ, "ಅಂದ್ರೆ ಇಂಜಿನ್ನಿಗೆ ಲಂಗೋಟಿ ಕಟ್ಟೋದು ಅನ್ನು" ಅಂದ್ರು. ಮೈಸೂರಲ್ಲಿ ಯೆಜ್ಡಿ ಓಡಿಸ್ಕೊಂಡು ಬೆಳೆದ ಮನುಷ್ಯ, ಟೂ ಸ್ಟ್ರೋಕ್ ಗಾಡಿಗೆ ಸಂಪಲ್ಲಿ ಲೀಟರ್‌ಗಟ್ಟಲೆ ಆಯಿಲ್ ಇರಲ್ಲ, ಅವರಿಗೆ ಈ ತಲೆನೋವೇ ಇರ್ಲಿಲ್ಲ. ಅವತ್ತಿಂದ ನಮ್ಮ ಗ್ಯಾರೇಜಲ್ಲಿ ಅದರ ಹೆಸರು ಲಂಗೋಟಿ, ನನ್ನ ಅಮೆರಿಕನ್ ಗೆಳೆಯನೂ ಲಂಗೋಟಿ ಅಂತಾನೆ, ಏನು ಅಂತ ಗೊತ್ತಿದ್ದೇ.

ನನ್ನ ತಕರಾರು ಇರೋದು ಇಲ್ಲಿ. ಇಲ್ಲಿ ಡ್ರ್ಯಾಗ್ ರೇಸ್ ನಡೆಸೋ ಸಂಸ್ಥೆ ಎನ್‌ಎಚ್‌ಆರ್‌ಎ, ಅದರ ರೂಲ್ಸೆಲ್ಲ ನಿಂತಿರೋದು ಸೆಕೆಂಡಿನ ಮೇಲೆ. ನಮ್ಮಂಥ ಹಳೇ ಕಾರು 13.99 ಸೆಕೆಂಡೋ ಅದಕ್ಕಿಂತ ಬೇಗಾನೋ ಓಡಿದ್ರೆ ಹೆಲ್ಮೆಟ್, 11.49ಕ್ಕೆ ಇಳಿದ್ರೆ ಕಾರ್ ಮಗುಚಿದಾಗ ತಲೆ ಕಾಯೋ ರೋಲ್ ಬಾರ್, 9.99ಕ್ಕೆ ಇಳಿದ್ರೆ ಡ್ರೈವರ್ ಸುತ್ತ ಪೂರ್ತಿ ಪೈಪಿನ ಕೇಜು, ರೇಸ್ ಲೈಸೆನ್ಸು. ಸ್ಪೀಡ್ ಜಾಸ್ತಿ ಆದಷ್ಟೂ ಗುದ್ದಿದ್ರೆ ಏಟು ಜಾಸ್ತಿ, ಹಾಗಾಗಿ ಡ್ರೈವರ್ ಮೈ ಕಾಯೋ ಸಾಮಾನಿಗೆ ಈ ಲೆಕ್ಕ ಸರಿ. ಆದ್ರೆ ಆಯಿಲ್ಲಿಗೂ ಅದೇ ಲೆಕ್ಕ ಇಟ್ಕೊಂಡು, ಡೈಪರ್ ಕಡ್ಡಾಯ ಮಾಡೋದು ಫಾಸ್ಟ್ ಕಾರುಗಳಿಗೆ, ನಮ್ಮಂಥ ಸ್ಲೋ ಕಾರಿನೋರು ಹಾಕಿದ್ರೆ ಹಾಕ್ಬೋದು ಬಿಟ್ರೆ ಬಿಡ್ಬೋದು ಅನ್ನೋದು ನಂಗೆ ಅರ್ಥ ಆಗಲ್ಲ. ಹನ್ನೆರಡು ಸೆಕೆಂಡಿನ ಕಾರಿಂದ ಚೆಲ್ಲಿದ ಆಯಿಲ್ ಏನು ಕಮ್ಮಿ ಜಾರತ್ತಾ? ಅದರ ಹಿಂದೆ ಅದೇ ಲೇನಲ್ಲಿ ಬರೋನು ಎಂಟು ಸೆಕೆಂಡಿನವನು ಆಗಿರ್ಬೋದಲ್ಲ!

ಹಾಗೆ ನೋಡಿದ್ರೆ ಇಂಜಿನ್ ಒಡೆಯೋ ಅಪಾಯ ನಮ್ಮಂಥೋರಿಗೇನೂ ಕಮ್ಮಿ ಇಲ್ಲ. ದೊಡ್ಡ ಟೀಮಿನೋರು ಪ್ರತಿ ರನ್ ಆದ್ಮೇಲೂ ಬಿಚ್ಚಿ ಬೇರಿಂಗ್ ನೋಡ್ತಾರೆ, ಆಯಿಲ್ ಚೆಲ್ಲಿದ್ರೆ ಅವರಿಗೆ ಪಾಯಿಂಟೂ ಹೋಗತ್ತೆ ದಂಡಾನೂ ಬೀಳತ್ತೆ. ನಾವು? ಸೆಕೆಂಡ್ ಹ್ಯಾಂಡ್ ಬ್ಲಾಕು, ಯಾರೋ ಬಿಚ್ಚಿ ಯಾರೋ ಜೋಡಿಸಿದ್ದು, ಅದಕ್ಕೆ ನೈಟ್ರಸ್ ಬೇರೆ.

ಬೆಂಕಿ ಜಾಕೆಟ್ ಬಗ್ಗೇನೂ ಜನಕ್ಕೆ ಒಂದು ಭ್ರಮೆ ಇದೆ, ಹಾಕ್ಕೊಂಡ್ರೆ ಹೋಳಿಕಾನ ಮಡಿಲಲ್ಲಿ ಕೂತ ಪ್ರಹ್ಲಾದ ಆಗ್ಬಿಟ್ವಿ ಅಂತ. ಅದರ ತೋಳ ಮೇಲಿರೋ ಎಸ್‌ಎಫ್‌ಐ ಲೇಬಲ್ ಓದಿ. 3.2ಎ/1 ಅಂತಿದ್ರೆ ಬೆಂಕೀಲಿ ಸುಮಾರು 3 ಸೆಕೆಂಡ್, ಆಮೇಲೆ ಚರ್ಮ ಬೊಬ್ಬೆ ಏಳೋ ಮಟ್ಟಕ್ಕೆ ಸುಡತ್ತೆ. /5 ಅಂದ್ರೆ 10 ಸೆಕೆಂಡ್, /20 ಅಂದ್ರೆ 40 ಸೆಕೆಂಡ್. ನಮ್ಮ ಪಿಟ್ಟಲ್ಲಿ ಮುಕ್ಕಾಲು ಜನ ಹಾಕೋದು ಆ ಮೂರು ಸೆಕೆಂಡಿಂದೇ. ಬೆಲ್ಟ್ ಬಿಚ್ಚಿ ಬಾಗಿಲು ತೆಗೆದು ಆಚೆ ಬರೋಕೆ ಎಷ್ಟು ಸೆಕೆಂಡ್ ಬೇಕು ಅಂತ ಮನೇಲಿ ನಿಂತಿರೋ ಕಾರಲ್ಲಿ ಒಂದ್ಸಲ ಟೈಮ್ ಹಿಡಿದು ನೋಡಿ. ನಾನು ಮೊದಲ ಸಲ ನೋಡ್ದಾಗ 14 ಆಯ್ತು, ಆವತ್ತೇ ಹೋಗಿ /5 ಆರ್ಡರ್ ಮಾಡ್ದೆ.

ಮತ್ತೆ ಬೆಂಕಿ ಅಂದ್ರೆ ಎಲ್ರೂ ಪೆಟ್ರೋಲ್ ಟ್ಯಾಂಕ್ ಅಂದ್ಕೊತಾರೆ. ನಾನು ಕಣ್ಣಾರೆ ನೋಡಿರೋ ಬೆಂಕಿಗಳಲ್ಲಿ ಎರಡು ಹೊತ್ಕೊಂಡಿದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ಕಿಂದ, ಅಂದ್ರೆ ಆಯಿಲ್ ಮಟ್ಟ ನೋಡೋ ಕಡ್ಡಿಯಿಂದ! ಒಳಗೆ ಪ್ರೆಷರ್ ಏರಿ ಕಡ್ಡಿ ಮೇಲಕ್ಕೆ ಹಾರತ್ತೆ, ಗೇರ್ ಆಯಿಲ್ ಪಿಚಕಾರಿ ಥರ ಕೆಂಪಗೆ ಕಾದಿರೋ ಎಗ್ಸಾಸ್ಟ್ ಪೈಪ್ ಮೇಲೆ. ಒಗ್ಗರಣೆ ಇಟ್ಟು ಮರೆತ ಬಾಣಲೆ ನೋಡಿದೀರಲ್ಲ, ಎಣ್ಣೆಗೆ ಕಿಡಿ ಬೇಡ, ಬಿಸಿ ಸಾಕು. ಲಾಕ್ ಆಗೋ ಡಿಪ್‌ಸ್ಟಿಕ್ ಹಾಕಿಸೋಕೆ ದೊಡ್ಡ ದುಡ್ಡೇನೂ ಬೇಡ. ಇನ್ನೊಂದು ಫ್ಯೂಯಲ್ ಹೋಸ್, ರೂಲ್ ಪ್ರಕಾರ ಇಡೀ ಕಾರಲ್ಲಿ ಸಾದಾ ರಬ್ಬರ್ ಹೋಸ್ 12 ಇಂಚು ಮೀರೋ ಹಾಗಿಲ್ಲ, ಮಿಕ್ಕಿದ್ದು ಲೋಹದ ಪೈಪೋ ಹೆಣೆದ ಹೋಸೋ ಆಗ್ಬೇಕು. ಇಂಜಿನ್ನಿಗೂ ಡ್ರೈವರಿಗೂ ಮಧ್ಯೆ ಇರೋ ತಗಡಿನ ಗೋಡೆ, ಅಂದ್ರೆ ಫೈರ್‌ವಾಲಲ್ಲಿ ವೈರ್ ಎಳೆಯೋಕೆ ಅಂತ ಕೊರೆದ ತೂತೆಲ್ಲ ತಗಡಲ್ಲಿ ಮುಚ್ಚಿರ್ಬೇಕು, ಬ್ಯಾಟರಿ ಡಿಕ್ಕೀಲಿದ್ರೆ ಕಾರಿನ ಹಿಂಭಾಗದಲ್ಲಿ ಹೊರಗಿಂದ್ಲೇ ಇಂಜಿನ್ ಆಫ್ ಮಾಡೋ ಸ್ವಿಚ್ ಇರ್ಬೇಕು. ಎಷ್ಟು ಜನ ಕಾರಲ್ಲಿ ಕರೆಂಟ್ ಹುಟ್ಟಿಸೋ ಆಲ್ಟರ್ನೇಟರ್ ವೈರ್ ಸರಿಯಾಗಿ ಕೊಡ್ದೇ, ಸ್ವಿಚ್ ಒತ್ತಿದ್ರೂ ಇಂಜಿನ್ ಓಡ್ತಾನೇ ಇರತ್ತೆ ಗೊತ್ತಾ? ಚೆಕಿಂಗಲ್ಲಿ ಸ್ವಿಚ್ ಇದೆಯಾ ಅಂತ ಬಗ್ಗಿ ನೋಡ್ತಾರೆ, ಒತ್ತಿ ನೋಡೋರು ಅಪರೂಪ.

ಹೆಸರಾಂತ ಅಮೆರಿಕನ್ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಕತೆ ನಂಗೆ ಪದೇಪದೇ ನೆನಪಾಗತ್ತೆ. ಆಗಿನ ಡ್ರ್ಯಾಗ್‌ಸ್ಟರ್‌ಗಳಲ್ಲಿ, ಅಂದ್ರೆ ಈ ರೇಸಿಗೇ ಅಂತ ಕಟ್ಟಿದ ಉದ್ದನೆ ಕಾರುಗಳಲ್ಲಿ, ಇಂಜಿನ್ ಮುಂದೆ, ಡ್ರೈವರ್ ಅದರ ಹಿಂದೆ, ಇಂಜಿನ್ ಒಡೆದ್ರೆ ಆಯಿಲ್ಲು ಬೆಂಕಿ ಎರಡೂ ನೇರ ಮುಖಕ್ಕೆ. 1970ರ ಮಾರ್ಚಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಸ್ಟ್ರಿಪ್ಪಲ್ಲಿ ಟ್ರಾನ್ಸ್‌ಮಿಷನ್ ಸಿಡಿದು ಆತನ ಬಲಗಾಲಿನ ಪಾದದ ಒಂದು ಭಾಗಾನೇ ಹೋಯ್ತು. ಆಮೇಲೆ ಮನುಷ್ಯ ಇಂಜಿನ್ನನ್ನ ತನ್ನ ಬೆನ್ನ ಹಿಂದಕ್ಕೆ ಇಟ್ಟು ಹೊಸ ಕಾರ್ ಕಟ್ಟಿ 1971ರಲ್ಲಿ ಗೆಲ್ಲೋಕೆ ಶುರು ಮಾಡ್ದ, ಸ್ವಲ್ಪ ವರ್ಷದಲ್ಲೇ ಎಲ್ರೂ ಅದನ್ನೇ ಹಿಡಿದ್ರು. ದೊಡ್ಡ ಕೆಲಸ, ಎಷ್ಟು ಜೀವ ಉಳೀತೋ. ಆದ್ರೆ ಅಲ್ಲೂ ನೋಡಿ, ಇಂಜಿನ್ನು ಡ್ರೈವರ್ ಬೆನ್ನ ಹಿಂದಕ್ಕೆ ಹೋಯ್ತೇ ಹೊರತು ಹಿಂದಿನ ಟೈರಿಗಿಂತ ಹಿಂದಕ್ಕೆ ಹೋಗ್ಲಿಲ್ಲ. ಮುಖಕ್ಕೆ ಬರ್ತಿದ್ದ ಆಯಿಲ್ ತಪ್ತು, ಟೈರಿಗೆ ಹೋಗೋದು ಹಾಗೇ ಉಳೀತು.

ಬೈಕ್ ರೋಡ್ ರೇಸಿನೋರು ಈ ವಿಷ್ಯದಲ್ಲಿ ನಮಗಿಂತ ಜಾಣರು. ಇಂಜಿನ್ ಒಡೆದ್ರೆ ಆಯಿಲ್ಲು ಕೂಲೆಂಟು ಎರಡೂ ಸೇರಿ ಅರ್ಧದಷ್ಟಾದ್ರೂ ಹಿಡಿಯೋ ಹಾಗೆ ಬೈಕಿನ ಕೆಳಗಿನ ಹೊದಿಕೆ, ಅಂದ್ರೆ ಫೇರಿಂಗ್ ಇರ್ಬೇಕು ಅಂತ ಬೈಕ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಂ ರೂಲಿದೆ. ಆಯಿಲ್ ಡ್ರೈನ್ ಬೋಲ್ಟಿಗೆ ಬಿಚ್ಕೊಳ್ದೇ ಇರ್ಲಿ ಅಂತ ತೂತು ಕೊರೆದು ತಂತಿ ಕಟ್ಬೇಕು, ಅದು ನೀನೆಷ್ಟು ಸ್ಪೀಡಾಗಿ ಓಡಿಸ್ತೀಯ ಅಂತ ಕೇಳಲ್ಲ. ಎರಡು ಚಕ್ರದ ಮೇಲೆ ಬೇರೆಯವನ ಆಯಿಲ್ ಸಿಕ್ರೆ ಏನಾಗತ್ತೆ ಅಂತ ಅವರ ಮೂಳೆಗಳಿಗೇ ಗೊತ್ತು.

ಎದುರು ವಾದ ನಂಗೆ ಗೊತ್ತಿಲ್ದೇ ಏನಿಲ್ಲ. ಮನೆ ಕಾರ್ ತಂದು ಒಂದು ರನ್ ಹೊಡೀತೀನಿ ಅಂತ ಬರೋ ಹುಡುಗರಿಗೆಲ್ಲ ಡೈಪರ್ ಕಟ್ಟು ಅಂದ್ರೆ ಯಾರೂ ಬರಲ್ಲ, ಸ್ಟ್ರಿಪ್ಪಿಗೆ ಬರ್ದೇ ಇದ್ದೋರು ರಾತ್ರಿ ರೋಡಲ್ಲಿ ಓಡಿಸ್ತಾರೆ, ಅದು ಇನ್ನೂ ಕೆಟ್ಟದ್ದು. ಒಪ್ತೀನಿ. ಕಂಪನಿಯಿಂದ ಬಂದ ಹಾಗೇ ಇರೋ ಕಾರಿಗೆ ಬೇಡ. ನೈಟ್ರಸ್ಸೋ ಟರ್ಬೋನೋ ಹೊರಗಿಂದ ಹಾಕಿಸಿದ್ರೆ ಅಥವಾ ಗೆರೆಯಿಲ್ಲದ ನುಣುಪು ರೇಸಿಂಗ್ ಟೈರ್ (ಸ್ಲಿಕ್) ಹಾಕ್ಕೊಂಡು ಬಂದ್ರೆ, ಅವನು ಹದಿಮೂರು ಸೆಕೆಂಡಲ್ಲಿ ಓಡ್ಲಿ ಒಂಬತ್ತರಲ್ಲಿ ಓಡ್ಲಿ, ಲಂಗೋಟಿ ಇಲ್ದೇ ಲೈನಿಗೆ ಬಿಡ್ಬಾರ್ದು. ನೈಟ್ರಸ್ ಕಿಟ್ಟಿಗೆ ದುಡ್ಡಿದೆ, ಚಕ್ರಕ್ಕೆ ದುಡ್ಡಿದೆ, ಸ್ಟಿಕ್ಕರಿಗೂ ದುಡ್ಡಿದೆ, ಇದೊಂದಕ್ಕೆ ಬಂದಾಗ ಎಲ್ರೂ ಬಡವರು. ಯಾಕಂದ್ರೆ ಹೆಲ್ಮೆಟ್ ಕಾಯೋದು ನನ್ನ ತಲೆ, ಡೈಪರ್ ಕಾಯೋದು ಹಿಂದೆ ಬರೋನ ತಲೆ.

ಇನ್ನೊಂದು ವಾದ ಮಾಡೋನು ನನ್ನ ಪಾಲುದಾರ ಗೆಳೆಯನೇ. ಡೈಪರ್ ಕಟ್ಟಿದ್ರೆ ಸಣ್ಣ ಲೀಕ್ ಕಾಣಲ್ಲ, ಹೀರ್ಕೊಂಡು ಕೂತಿರತ್ತೆ, ಮೊದಲಾಗಿದ್ರೆ ನೆಲದ ಮೇಲಿನ ಹನಿ ನೋಡಿ ರಿಪೇರಿ ಮಾಡ್ತಿದ್ವಿ ಅಂತ. ಹಾಗೆಲ್ಲ ಆಗಲ್ಲ ಸುಮ್ನಿರು ಅಂತ ಹೇಳ್ಕೊಂಡು ಬಂದಿದ್ದೆ. ನಿನ್ನೆ ಭಾನುವಾರ, ಹೇಗೂ ರೇಸ್ ಆಗ್ಲಿಲ್ವಲ್ಲ ಅಂತ ಕಾರೆತ್ತಿ ನಮ್ಮ ಲಂಗೋಟಿ ಬಿಚ್ಚಿದ್ವಿ. ಪ್ಯಾಡ್ ಹಿಂಡಿದ್ರೆ ಒಂದು ಲೋಟದಷ್ಟು ಆಯಿಲ್ ಇಳೀತು, ಇಂಜಿನ್ ಹಿಂಭಾಗದಲ್ಲಿ ಆಯಿಲ್ ತಡೆಯೋ ರೇರ್ ಮೇನ್ ಸೀಲ್ ಹೋಗಿದೆ, ಯಾವಾಗಿಂದಲೋ. ಗೆಳೆಯ ಏನೂ ಮಾತಾಡ್ಲಿಲ್ಲ, ಲೋಟ ಎತ್ತಿ ನನ್ನ ಮುಂದೆ ಇಟ್ಟ.