ತಗಡಿನ ಮೇಲಿನ ಕಲ್ಲು

11 ಕಿಲೋ 200 ಗ್ರಾಂ. ನಮ್ಮ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನಾನೇ ತೂಗಿಸಿದೆ. ಬುಧವಾರ ರಾತ್ರಿ ನಮ್ಮ ಹಿಂದಿನ ಕೋಣೆಯ ತಗಡು ಎದ್ದು ಒಳಗೆ ಬಿದ್ದ ಕಲ್ಲು ಅದು. ಬಿದ್ದ ಜಾಗ ನನ್ನ ಆರು ವರ್ಷದ ಮಗ ದಿನಾಲೂ ಮಲಗುವ ಜಾಗ. ಅಂದು ಸೆಕೆ ತಾಳಲಾರದೆ ಅಜ್ಜಿಯ ಮಗ್ಗುಲಿಗೆ, ನಡುಮನೆಯ ಫರ್ಸಿ ಕಲ್ಲಿನ ನೆಲಕ್ಕೆ ಹೋಗಿ ಮಲಗಿದ್ದ. ಅವನ ಕೌದಿ ಮಾತ್ರ ಅಲ್ಲೇ ಇತ್ತು. ಬ್ಯಾಟರಿ ಹಿಡಿದು ನೋಡಿದರೆ ಕೌದಿಯ ನಟ್ಟನಡುವೆ ಕಲ್ಲು, ಸುತ್ತ ಉದುರಿದ ತುಕ್ಕು, ಮೇಲಿನ ಸಂದಿಯಿಂದ ಮಿಂಚು.

ಗಾಳಿಗೆ ತಗಡು ಹಾರದಿರಲೆಂದು ಆ ಕಲ್ಲನ್ನು ಮೇಲೆ ಏರಿಸಿದವರು ನಾನು ಮತ್ತು ಅಪ್ಪ. ಮೂರು ವರ್ಷದ ಹಿಂದೆ, ಕೈಯಿಂದ ಕೈಗೆ ದಾಟಿಸುತ್ತಾ, ಹದಿನಾಲ್ಕು ಕಲ್ಲು.

ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ನಮ್ಮ ಊರಿನಲ್ಲಿ ಕೃತ್ತಿಕಾ ಮಳೆ ಎಂದರೆ ಗಾಳಿಯೇ ಹೆಚ್ಚು, ಮಳೆ ನಾಲ್ಕು ಹನಿ. ಆದರೆ ಏಳು ದಿನ ಬಿಡದೆ ಹೀಗೆ ಬೀಸಿದ್ದನ್ನು ನಾನು ಕಂಡಿರಲಿಲ್ಲ. ಮಧ್ಯಾಹ್ನದವರೆಗೆ ಎಲೆ ಅಲುಗದ ಬಿಸಿಲು. ನಾಲ್ಕರ ಹೊತ್ತಿಗೆ ಪಡುವಣದಲ್ಲಿ ಕರಿಮೋಡ, ಅದರ ಬುಡದಲ್ಲಿ ಕೆಂದೂಳಿನ ಗೋಡೆ. ಮೊದಲು ತಣ್ಣನೆಯ ಒಂದು ಗಾಳಿ ಮುಖಕ್ಕೆ ಹೊಡೆಯುತ್ತದೆ. ಅಲ್ಲಿಂದ ಮುಂದೆ ಬಾಗಿಲು ಹಾಕಿಕೊಳ್ಳಲು ಎರಡು ನಿಮಿಷವೂ ಸಿಗುವುದಿಲ್ಲ. ನಮ್ಮ ಕಡೆ ಹೀಗೇಕೆ ಎಂದರೆ, ಮೋಡದಿಂದ ಇಳಿಯುವ ಮಳೆ ಒಣಗಿದ ಬಿಸಿಗಾಳಿಯಲ್ಲಿ ನಡುದಾರಿಯಲ್ಲೇ ಆವಿಯಾಗುತ್ತದೆ. ಅದರಿಂದ ತಂಪಾಗಿ ಭಾರವಾದ ಗಾಳಿ ಸರ್ರನೆ ಕೆಳಗಿಳಿದು, ನೆಲಕ್ಕೆ ಬಡಿದು, ನಾಲ್ಕೂ ಕಡೆ ನುಗ್ಗುತ್ತದೆ. ಬೇಸಿಗೆ ಬಿರುಸಾದಷ್ಟೂ ಆ ನುಗ್ಗಾಟವೂ ಬಿರುಸು.

ಸೋಮವಾರ ಅವ್ವ ಒಣಹಾಕಿದ್ದ ಸಂಡಿಗೆ ಹೋಯಿತು, ಮಂಗಳವಾರ ವಿದ್ಯುತ್ ಕಂಬ ಬಿತ್ತು. ಕರೆಂಟು ಇಲ್ಲವೆಂದರೆ ಬೋರಿನ ನೀರೂ ಇಲ್ಲ. ನನ್ನ ಹೆಂಡತಿ ಮತ್ತು ಮಗಳು ಬೆಳಗಿನ ಜಾವ ಕೊಡ ಹೊತ್ತು ತೋಟದ ಬಾವಿಗೆ ನಡೆದರು. ಕೆಟ್ಟು ನಿಂತಿದ್ದನ್ನು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಅವ್ವ ಹಿಂದಿನ ವಾರವೇ ಬಡಿದು ಬುಟ್ಟಿಯಲ್ಲಿಟ್ಟಿದ್ದ ಕಡಕ್ ರೊಟ್ಟಿಯನ್ನು ಮಾತ್ರ ನೆನೆಯಲೇಬೇಕು. ಸಂಜೆ ಒಲೆ ಹಚ್ಚಿದರೆ ಬೆಂಕಿ ಮನೆಯನ್ನೆಲ್ಲಾ ಸುತ್ತುವ ಭಯ. ಹೀಗಾಗಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಇಷ್ಟರಲ್ಲೇ ಏಳು ರಾತ್ರಿ ಕಳೆದೆವು. ಮಕ್ಕಳು ಒಂದು ದಿನವೂ ಬೇಡವೆನ್ನಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಕಲ್ಲುಗಳನ್ನೆಲ್ಲಾ ಕೆಳಗಿಳಿಸುತ್ತೇನೆ ಎಂದೆ. ಅಪ್ಪ ಸಿಟ್ಟಾದರು.

"ಕಲ್ಲು ತೆಗೆದರೆ ತಗಡು ಉಳಿಯುತ್ತದೆಯೇ? ಇನ್ನೂ ನಾಲ್ಕು ಹೇರಬೇಕಿತ್ತು. ಕಡಿಮೆ ಹೇರಿದ್ದೇ ತಪ್ಪು."

"ಅಪ್ಪಾ, ತಗಡು ಹೋದರೆ ಹೋಗಲಿ. ಕಲ್ಲು ಮೈಮೇಲೆ ಬಿದ್ದರೆ?"

"ನಮ್ಮ ಅಪ್ಪ ಕಟ್ಟಿದ ಮನೆಯ ಚಾವಣಿ ಎಂದಾದರೂ ಹಾರಿತ್ತೇ?"

ಅಪ್ಪನ ಆ ಮಾತಿಗೆ ಆಗ ಉತ್ತರ ಹೊಳೆಯಲಿಲ್ಲ. ರಾತ್ರಿಯೆಲ್ಲಾ ಅದನ್ನೇ ಯೋಚಿಸಿದೆ. ನಮ್ಮ ಅಜ್ಜ ಕಟ್ಟಿದ್ದು ಮಾಳಿಗೆ ಮನೆ. ತೊಲೆ, ಜಂತಿ, ಅದರ ಮೇಲೆ ಹಲಗೆ, ಬೇವಿನ ತೊಪ್ಪಲು, ಮೇಲೆ ಒಂದಡಿ ಮಣ್ಣು. ಒಂದಡಿ ಮಣ್ಣೆಂದರೆ ಚದರ ಮೀಟರಿಗೆ 400 ಕಿಲೋ ದಾಟುತ್ತದೆ. ಅಂಥದ್ದನ್ನು ಯಾವ ಗಾಳಿ ಎತ್ತೀತು? ತಗಡು ಅಷ್ಟೇ ಜಾಗಕ್ಕೆ ನಾಲ್ಕೈದು ಕಿಲೋ. ಮಾಳಿಗೆಯನ್ನು ಭಾರ ಹಿಡಿದಿತ್ತು. ಮಣ್ಣಿನ ಚಾವಣಿ ಹೋಗಿ ತಗಡು ಬಂದಾಗ ನಾವು ಚಾವಣಿಯನ್ನು ಬದಲಿಸಿದೆವು, ಭಾರ ಹೇರುವ ರೂಢಿಯನ್ನು ಬಿಡಲಿಲ್ಲ. ತಗಡನ್ನು ಕಟ್ಟಬೇಕು, ನಾವು ಹೇರುತ್ತಿದ್ದೇವೆ.

ಗಾಳಿ ಚಾವಣಿಯನ್ನು ಮೇಲಿಂದ ಒತ್ತುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದು ಒತ್ತುವುದಿಲ್ಲ, ಎಳೆಯುತ್ತದೆ. ತಗಡಿನ ಮೇಲೆ ಗಾಳಿ ವೇಗವಾಗಿ ಹಾಯ್ದಾಗ ಅಲ್ಲಿ ಒತ್ತಡ ಇಳಿದು ಚಾವಣಿ ಮೇಲಕ್ಕೆ ಸೆಳೆಯಲ್ಪಡುತ್ತದೆ. ಆ ಹೊತ್ತಿಗೆ ಗಾಳಿಯ ಕಡೆಯ ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ನೂಕುತ್ತದೆ. ಶುಕ್ರವಾರ ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದೆ. ಗಂಟೆಗೆ 80 ಕಿ.ಮೀ. ಗಾಳಿಗೆ ಚದರ ಮೀಟರಿಗೆ ಸುಮಾರು 30 ಕಿಲೋ ಬಲವಿರುತ್ತದೆ. ನಮ್ಮ ಕೋಣೆ ಹತ್ತಡಿಗೆ ಹನ್ನೆರಡಡಿ, ಅಂದರೆ 11 ಚದರ ಮೀಟರ್. ಒಟ್ಟು 330 ಕಿಲೋ. ನಮ್ಮ ಹದಿನಾಲ್ಕು ಕಲ್ಲು ಮತ್ತು ತಗಡು ಸೇರಿದರೂ ಹೆಚ್ಚುಕಡಿಮೆ 200. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಎಷ್ಟು ಕಲ್ಲು ಹೇರಿದರೂ ಒಂದು ದಿನ ಗಾಳಿಯೇ ಗೆಲ್ಲುತ್ತದೆ, ಆ ದಿನ ಹೇರಿದ್ದೆಲ್ಲಾ ಕೆಳಗೆ ಮಲಗಿದವರ ಮೇಲೆ ಬರುತ್ತದೆ.

ಅಪ್ಪ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಏನೂ ಹೇಳಲಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಬೇಸಿಗೆಯ ಗಾಳಿಗೆ ತಗಡಿನ ಮೇಲಿನ ಕಲ್ಲು ಬಿದ್ದು ಜನ ಸತ್ತ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಬರುತ್ತದೆ. ಓದಿದವರು "ಅವರ ಹಣೆಬರಹ" ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಈಗ ಮೈ ಉರಿಯುತ್ತದೆ. ಹಣೆಬರಹ ಹನ್ನೊಂದು ಕಿಲೋ ತೂಗುವುದಿಲ್ಲ.

ಪರಿಹಾರದ ಮಾತಿಗೆ ಬಂದರೆ, ಕೇಂದ್ರದ 2022ರಿಂದ 26ರವರೆಗಿನ ನಿಯಮದಲ್ಲಿ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ಎಂದಿತ್ತು. ಅದೂ ಶೇ 15ರಷ್ಟಾದರೂ ಹಾನಿಯಾಗಿದ್ದರೆ. ನಮ್ಮ ಹಿಂದಿನ ಓಣಿಯವರು ಮಕ್ಕಳು ನೆನೆಯಬಾರದೆಂದು ಮರುದಿನವೇ ತಗಡು ಹೊದಿಸಿಕೊಂಡರು. ನೋಡಲು ಬಂದವರು, ಹಾನಿ ಎಲ್ಲಿ ಎಂದು ಕೇಳಿ ಹೋದರು. ಮಕ್ಕಳನ್ನು ಮಳೆಯಲ್ಲಿ ಕೂಡಿಸಿಕೊಂಡು ಕಾಯಬೇಕಿತ್ತೇ? ದಯವಿಟ್ಟು ದುರಸ್ತಿಗೆ ಮುನ್ನ ನಾಲ್ಕೂ ಮೂಲೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ.

ನಾವು ಮಾಡಿದ್ದನ್ನು ಹೇಳುತ್ತೇನೆ. ಸಂಜೆಯಾದೊಡನೆ ಆರೂ ಜನ ಫರ್ಸಿ ಹಾಸಿನ ಚಾವಣಿಯಿರುವ ನಡುಮನೆಗೆ ಬಂದೆವು. ಎಮ್ಮೆಯನ್ನು ಬೇವಿನ ಮರದಿಂದ ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿದೆವು. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿರುವ ದಾಮಿನಿ ಎಂಬ ಆ್ಯಪ್ ಸಿಡಿಲು ಹತ್ತಿರ ಬರುವುದನ್ನು ತೋರಿಸುತ್ತದೆ. ಮಗಳು ಅದನ್ನು ನೋಡಿ ಹೇಳುತ್ತಿದ್ದಳು, ಚಾರ್ಜ್ ಇರುವವರೆಗೆ. ಶನಿವಾರ ಸೇಡಂನಿಂದ ತಗಡು ಬಿಗಿಯುವ ಜೆ ಆಕಾರದ ಹುಕ್ಕುಗಳು, ರಬ್ಬರ್ ವಾಷರ್, ಕಬ್ಬಿಣದ ಸರಳು ತಂದೆವು. ಇಲ್ಲಿ ಒಂದು ಮಾತು. ನಮ್ಮ ಕಡೆ ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಯ ಮೇಲೆ ತಗಡು ಹೊರುವ ಪೈಪನ್ನು ಸುಮ್ಮನೆ ಇಟ್ಟಿರುತ್ತಾರೆ. ತಗಡನ್ನು ಪೈಪಿಗೆ ಮಾತ್ರ ಬಿಗಿದರೆ ಪೈಪಿನ ಸಮೇತ ಹಾರುತ್ತದೆ. ಗೋಡೆಯಲ್ಲಿ ಮೂರಡಿ ಕೆಳಗೆ ಕಲ್ಲು ಬಿಡಿಸಿ, ಸರಳನ್ನು ಕಾಂಕ್ರೀಟಿನಲ್ಲಿ ಹೂತು, ಮೇಲಿನ ತುದಿಯನ್ನು ಪೈಪಿಗೆ ಬಗ್ಗಿಸಿ ಬೆಸೆಯಬೇಕು. ಗಾಳಿ ಎಳೆದರೆ ಗೋಡೆಯನ್ನೂ ಎಳೆಯಬೇಕು. ಅಂಚಿನ ಸಾಲಿನಲ್ಲಿ ಹುಕ್ಕುಗಳು ಒತ್ತೊತ್ತಾಗಿರಲಿ, ಗಾಳಿ ಬಾಯಿ ಹಾಕುವುದು ಅಲ್ಲೇ. ಎಲ್ಲಾ ಸೇರಿ ಖರ್ಚು ನಾಲ್ಕು ಹೊಸ ತಗಡಿನ ಬೆಲೆಗಿಂತ ಕಡಿಮೆಯಾಯಿತು.

ಪಂಚಾಯಿತಿಯವರು ಮಂಜೂರಾದ ಮನೆಗೆ ಕಂತಿನ ಹಣ ಕೊಡುವಾಗ ಅಡಿಪಾಯದ ಫೋಟೊ ಕೇಳುತ್ತಾರೆ. ಚಾವಣಿಯನ್ನು ಗೋಡೆಗೆ ಕಟ್ಟಿದ ಫೋಟೊವನ್ನೂ ಕೇಳಲಿ. ಗೌಂಡಿಗಳಿಗೆ ಒಂದು ದಿನ ಕಲಿಸಿದರೆ ಸಾಕು.

ಭಾನುವಾರ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಅಪ್ಪ ಏಣಿಯ ಮೇಲಿದ್ದರು. ಎಪ್ಪತ್ತೊಂದು ವರ್ಷ, ಮೊಣಕಾಲು ನೋವು. ಕಲ್ಲನ್ನು ಎದೆಗೊತ್ತಿಕೊಂಡು, "ಹಿಡಿ" ಎಂದರು. ಹದಿಮೂರನ್ನೂ ಇಳಿಸಿ ಬೇವಿನ ಬುಡಕ್ಕೆ ಕಟ್ಟೆಯಾಗಿ ಜೋಡಿಸಿದೆವು. ಹದಿನಾಲ್ಕನೆಯದನ್ನು ಮಗ ಉರುಳಿಸಿಕೊಂಡು ಬಂದ.

ಅಂದು ಸಂಜೆಯೂ ಗಾಳಿ ಬಂತು. ತಗಡು ಗುಂಯ್‌ಗುಟ್ಟಿತು, ಏಳಲಿಲ್ಲ. ಎದುರು ಮನೆಯ ಚಾವಣಿಯ ಮೇಲೆ ಇನ್ನೂ ಒಂಬತ್ತು ಕಲ್ಲುಗಳಿವೆ. ಕೆಳಗೆ ಬಾಣಂತಿ ಇದ್ದಾಳೆ. ಉಳಿದ ಹುಕ್ಕುಗಳನ್ನು ಅಪ್ಪ ಚೀಲದಲ್ಲಿ ಹಾಕಿಟ್ಟಿದ್ದಾರೆ, ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗುತ್ತೇವೆ.